ಹೊತ್ತಿಗೊಂದು ರುಚಿ

ಒಂದು ಮಗ್ಗುಲಲ್ಲಿ ಮೊರೆಯುವ ಕಡಲು, ಇನ್ನೊಂದು ಮಗ್ಗುಲಲ್ಲಿ ಸದ್ದಿಲ್ಲದೆ ಸಾಗುವ ಸೌಪರ್ಣಿಕೆ, ಇವೆರಡರ ನಡುವೆ ಹೆದ್ದಾರಿಯೊಂದಕ್ಕೆ ಮಾತ್ರವೇ ಎಡೆಗೊಟ್ಟಿರುವ ಮರವಂತೆಯಿಂದ ಹೊರಟು, ಐದು ನದಿಗಳು ಕೂಡಿ ಕಡಲನ್ನು ಸೇರುವ ಗಂಗೊಳ್ಳಿಯ ಅಳಿವೆಯನ್ನು ಬಲಕ್ಕೆ ಬಿಟ್ಟು, ಕುಂದಾಪುರ ಕೋಟಗಳ ಮಾರ್ಗವಾಗಿ ಬ್ರಹ್ಮಾವರದವರೆಗೆ ತೆಂಕಮುಖವಾಗಿ ಪಯಣಿಸುವವನಿಗೆ ತೆಂಗಿನ ಮರಗಳು ಎಲ್ಲಿಯೂ ಕಣ್ಮರೆಯಾಗುವುದಿಲ್ಲ. ಆ ಮರಗಳ ಪೈಕಿ ಕೆಲವುಗಳ ನೆತ್ತಿಯಲ್ಲಿ ಕಾಯಿಗೊನೆಯ ಬದಲು ಗಡಿಗೆಯೊಂದು ತೂಗುತ್ತಿರುವುದನ್ನೂ, ಬೆಳಗಿನ ಇಬ್ಬನಿ ಆರುವ ಮುನ್ನವೇ ಸೊಂಟಕ್ಕೆ ಕತ್ತಿ ಕಟ್ಟಿಕೊಂಡ ಒಬ್ಬನು ಆ ಮರವನ್ನು ಏರುತ್ತಿರುವುದನ್ನೂ ಕಂಡವರು ಈಚೀಚೆಗೆ ವಿರಳರಾಗುತ್ತಿದ್ದಾರೆ.

ಬೆಂಗಳೂರಿನಲ್ಲಿ ಉದ್ಯೋಗಸ್ಥರಾಗಿರುವ ನಮ್ಮ ಸೀಮೆಯ ತರುಣರು ರಜೆಗೆಂದು ಊರಿಗೆ ಬಂದಾಗ ಜಗಲಿಯ ಮೇಲೆ ನಡೆಯುವ ಮಾತುಕತೆಗಳಲ್ಲಿ ಬಿಯರಿನ ವಿಚಾರವೂ ಒಂದು. ಯಾವುದು ಹೆಚ್ಚು ಕಹಿ, ಯಾವುದು ಹಗುರ, ಯಾವುದರಲ್ಲಿ ಹಣ್ಣಿನ ಪರಿಮಳವುಂಟು ಎಂಬುದನ್ನು ಅವರು ಬಹಳ ಆಸ್ಥೆಯಿಂದ ಚರ್ಚಿಸುವರು. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ನಾಲಗೆಯ ವಿವೇಕವೂ ಒಂದು ವಿದ್ಯೆಯೇ. ಆದರೆ ಅದೇ ಜಗಲಿಯಿಂದ ಕಾಣುವ ತೆಂಗಿನ ಮರದಲ್ಲಿ ಬಿಯರಿನ ಸಹೋದರನೆನ್ನಬಹುದಾದ ಪಾನೀಯವೊಂದು ಹನಿಹನಿಯಾಗಿ ಇಳಿಯುತ್ತಿದ್ದು, ಅದರ ರುಚಿಭೇದಗಳು ಆ ಚರ್ಚೆಯಲ್ಲಿ ಒಮ್ಮೆಯೂ ಸುಳಿಯದಿರುವುದು ನನಗೆ ಬಹುಕಾಲದಿಂದ ವಿಷಾದವನ್ನುಂಟುಮಾಡಿದೆ. ಎರಡನ್ನೂ ಒಟ್ಟಿಗಿಟ್ಟು ನೋಡಿದಲ್ಲಿ ಒಂದರ ಸ್ವಭಾವವು ಇನ್ನೊಂದರ ಬೆಳಕಿನಲ್ಲಿ ಸ್ಪಷ್ಟವಾಗುವುದೆಂಬ ನಂಬಿಕೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಬಿಯರು ಧಾನ್ಯದ ಮಗು. ಬಾರ್ಲಿಯ ಕಾಳಿನಲ್ಲಿ ಇರುವುದು ಪಿಷ್ಟವೇ ಹೊರತು ಸಕ್ಕರೆಯಲ್ಲ. ಪಿಷ್ಟವನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿಯು ನೇರವಾಗಿ ಉಣ್ಣಲಾರದು. ಆದುದರಿಂದ ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಮೊಳಕೆಯು ಬಲಿಯುವ ಮುನ್ನ ಒಣಗಿಸಿ ಹುರಿದು, ನುಚ್ಚು ಮಾಡಿ ಬಿಸಿನೀರಿನಲ್ಲಿ ಕಲಸಿದಾಗ, ಮೊಳಕೆಯೊಡನೆ ಹುಟ್ಟಿದ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುವು. ಆ ಸಿಹಿನೀರನ್ನು ಹಾಪ್ ಎಂಬ ಬಳ್ಳಿಯ ಹೂವಿನೊಡನೆ ಕುದಿಸಿ, ತಣಿಸಿ, ಯೀಸ್ಟನ್ನು ಬೆರೆಸಿ ಹುದುಗಲು ಬಿಡುವುದೇ ಬಿಯರಿನ ತಯಾರಿಕೆ. ಹಾಪ್ ಹೂವು ಕಹಿಯನ್ನೂ ಸುಗಂಧವನ್ನೂ ಕೊಡುವುದಲ್ಲದೆ, ಪಾನೀಯವು ಬೇಗನೆ ಕೆಡದಂತೆಯೂ ಕಾಯುತ್ತದೆ. ಜರ್ಮನಿಯ ಬವೇರಿಯಾದಲ್ಲಿ 1516ರಷ್ಟು ಹಿಂದೆಯೇ ಬಾರ್ಲಿ, ಹಾಪ್, ನೀರು ಇವಿಷ್ಟನ್ನೇ ಬಳಸತಕ್ಕದ್ದೆಂಬ ರಾಜಾಜ್ಞೆ ಹೊರಟಿತ್ತು; ಅದರಲ್ಲಿ ಯೀಸ್ಟಿನ ಹೆಸರೇ ಇಲ್ಲ, ಏಕೆಂದರೆ ಅಂತಹ ಜೀವಿಯೊಂದು ಕೆಲಸ ಮಾಡುತ್ತಿದೆಯೆಂಬುದನ್ನು ಆಗ ಯಾರೂ ಅರಿತಿರಲಿಲ್ಲ. ಧಾನ್ಯವನ್ನು ಹುದುಗಿಸುವ ವಿದ್ಯೆ ನಮ್ಮ ದೇಶಕ್ಕೂ ಹೊಸತಲ್ಲ: ಕೌಟಿಲ್ಯನ ಅರ್ಥಶಾಸ್ತ್ರವು ಸುರಾಧ್ಯಕ್ಷನ ಕರ್ತವ್ಯಗಳನ್ನು ನಿರೂಪಿಸುವ ಪ್ರಕರಣದಲ್ಲಿ ಅಕ್ಕಿ, ನೀರು, ‘ಕಿಣ್ವ’ವೆಂಬ ಹುದುಗು ಇವುಗಳಿಂದ ಸಿದ್ಧವಾಗುವ ಮೇದಕವೆಂಬ ಪಾನೀಯದ ಪ್ರಮಾಣವನ್ನು ಹೇಳುತ್ತದೆ.

ಲೋಕದ ಬಿಯರುಗಳು ಅಸಂಖ್ಯಾತವಾದರೂ, ರುಚಿಯ ದೃಷ್ಟಿಯಿಂದ ಕೆಲವೇ ಕುಲಗಳಾಗಿ ಅವನ್ನು ವಿಂಗಡಿಸಬಹುದು. ಬೊಹೀಮಿಯಾದ ಪಿಲ್ಸೆನ್ ಪಟ್ಟಣದಲ್ಲಿ 1842ರಲ್ಲಿ ಹೊರಬಂದ ಹೊಂಬಣ್ಣದ ಲಾಗರ್ ಇಂದು ಜಗತ್ತನ್ನೇ ವ್ಯಾಪಿಸಿದೆ. ತಣ್ಣನೆಯ ನೆಲಮಾಳಿಗೆಯಲ್ಲಿ ನಿಧಾನವಾಗಿ ಹುದುಗುವುದರಿಂದ ಅದರ ರುಚಿ ಸ್ವಚ್ಛ, ಕಹಿ ಮಿತ, ಮದ್ಯಾಂಶ ಸಾಮಾನ್ಯವಾಗಿ ಶೇಕಡಾ 5ರ ಆಸುಪಾಸು. ನಮ್ಮ ಅಂಗಡಿಗಳಲ್ಲಿ ದೊರೆಯುವ ಕಿಂಗ್‌ಫಿಶರ್ ಮೊದಲಾದವು ಈ ಕುಲಕ್ಕೆ ಸೇರಿದುವೇ. ಅವುಗಳಲ್ಲಿ ‘ಸ್ಟ್ರಾಂಗ್’ ಎಂಬ ಹೆಸರು ಹೊತ್ತವು ಶೇಕಡಾ 8ರ ಸಮೀಪಕ್ಕೆ ಏರುವಾಗ ರುಚಿಯು ಹಿಂದೆ ಸರಿದು ಮದವು ಮುಂದೆ ಬರುವುದು. ಐರ್ಲೆಂಡಿನ ಸ್ಟೌಟ್ ಕಪ್ಪನೆಯದು; ಕಪ್ಪಾಗುವಂತೆ ಹುರಿದ ಬಾರ್ಲಿಯಿಂದಾಗಿ ಅದು ಹಾಲಿಲ್ಲದ ಕಾಫಿಯ ನೆನಪನ್ನು ತರುತ್ತದೆ. ಬವೇರಿಯಾದ ಗೋಧಿಯ ಬಿಯರಿಗೆ ಲವಂಗವನ್ನಾಗಲಿ ಬಾಳೆಯ ಹಣ್ಣನ್ನಾಗಲಿ ಹಾಕುವುದಿಲ್ಲ, ಆದರೂ ಅದರಲ್ಲಿ ಅವೆರಡರ ಪರಿಮಳವೂ ಉಂಟು. ಆ ಪರಿಮಳವನ್ನು ಹುಟ್ಟಿಸುವುದು ಯೀಸ್ಟೇ. ಬೆಲ್ಜಿಯಮಿನ ಬಿಳಿಯ ಬಿಯರಿಗಾದರೋ ನಿಜವಾಗಿಯೇ ಕಿತ್ತಳೆಯ ಸಿಪ್ಪೆಯನ್ನೂ ಕೊತ್ತಂಬರಿ ಬೀಜವನ್ನೂ ಸೇರಿಸುವರು. ನಮ್ಮ ಮೀನಿನ ಸಾರಿನ ಮಸಾಲೆಗೆ ಬೀಳುವ ಆ ಕೊತ್ತಂಬರಿಯು ಅಲ್ಲಿ ಪಾನೀಯದ ಗಂಧವಾಗಿ ಪರಿಣಮಿಸುವುದು ಎಂಥ ಸೋಜಿಗ!

ಈ ಎಲ್ಲ ಕುಲಗಳಿಗಿಂತ ಭಿನ್ನವಾದ, ನಮ್ಮ ಕಳ್ಳಿಗೆ ಅತ್ಯಂತ ಸಮೀಪದ ಒಂದು ಬಿಯರು ಬೆಲ್ಜಿಯಮಿನ ರಾಜಧಾನಿಯ ಸುತ್ತಣ ಪ್ರದೇಶದಲ್ಲಿ ಇದೆ. ಅದರ ಹೆಸರು ಲಾಂಬಿಕ್. ಅದಕ್ಕೆ ಯಾರೂ ಯೀಸ್ಟನ್ನು ಬೆರೆಸುವುದಿಲ್ಲ. ಕುದಿಸಿದ ಸಿಹಿನೀರನ್ನು ಅಗಲವಾದ ಕೊಪ್ಪರಿಗೆಯಲ್ಲಿ ರಾತ್ರಿಯೆಲ್ಲ ತೆರೆದಿಟ್ಟು, ಗಾಳಿಯಲ್ಲಿ ತೇಲಿ ಬರುವ ಜೀವಾಣುಗಳಿಗೆ ಆ ಕೆಲಸವನ್ನು ಒಪ್ಪಿಸಿ, ಬಳಿಕ ಮರದ ಪೀಪಾಯಿಗಳಲ್ಲಿ ಒಂದರಿಂದ ಮೂರು ವರ್ಷಗಳವರೆಗೆ ಇರಗೊಡುವರು. ಫಲವಾಗಿ ಸಿಹಿಯಳಿದು ಹುಳಿ ತುಂಬಿದ, ಒಗರಿನ ಅಂಚುಳ್ಳ ಪಾನೀಯವೊಂದು ಒದಗುತ್ತದೆ. ಅಲ್ಲಿ ವರ್ಷಗಳು ಮಾಡುವ ಕೆಲಸಕ್ಕೆ ಹೋಲುವುದನ್ನು ಇಲ್ಲಿ, ಕುಂದಾಪುರದ ಬಿಸಿಲಿನಲ್ಲಿ, ಒಂದು ಹಗಲು ಮಾಡಿ ಮುಗಿಸುವುದು.

ಕಳ್ಳಿಗೆ ಮೊಳಕೆಯ ಶ್ರಮವಿಲ್ಲ, ಕುದಿಸುವ ಶ್ರಮವಿಲ್ಲ. ಮರವೇ ಸಕ್ಕರೆಯನ್ನು ಕರಗಿಸಿ ಕೊಡುತ್ತದೆ. ಶ್ರಮವೆಲ್ಲವೂ ಕಳ್ಳಿಳಿಸುವ ಮೂರ್ತೆದಾರನದು. ಇನ್ನೂ ಬಿರಿಯದ ಹೊಂಬಾಳೆಯನ್ನು ಆರಿಸಿ, ಬಿರಿಯದಂತೆ ಬಿಗಿಯಾಗಿ ಸುತ್ತಿ ಕಟ್ಟಿ, ಕೆಲವು ದಿನಗಳವರೆಗೆ ಅದನ್ನು ಮೆಲ್ಲನೆ, ಸಮನಾಗಿ, ಪೆಟ್ಟು ಹೆಚ್ಚಾಗದಂತೆ ಬಡಿದು, ತುದಿಯನ್ನು ಕೊಯ್ದು ಬಾಗಿಸಿದಾಗ ರಸವು ತೊಟ್ಟಿಕ್ಕಲಾರಂಭಿಸುವುದು. ಆಮೇಲೆ ದಿನಕ್ಕೆ ಎರಡು ಬಾರಿಯಾದರೂ ಮರವನ್ನೇರಿ, ಗಾಯವು ಒಣಗದಂತೆ ತುದಿಯನ್ನು ಕಾಗದದಷ್ಟು ತೆಳುವಾಗಿ ಸವರಬೇಕು. ಸವರು ಆಳವಾದರೆ ಹೊಂಬಾಳೆಯು ಬೇಗ ಮುಗಿಯಿತು. ಮೇಲುಮೇಲಾದರೆ ರಸವು ನಿಂತಿತು. ಹೀಗೆ ಪೋಷಿಸಿದ ತೆಂಗು ದಿನಕ್ಕೆ ಒಂದೆರಡು ಲೀಟರಿನಷ್ಟು ರಸವನ್ನು ಕೊಡಬಲ್ಲುದು. ಕಾಯಿಯಾಗಿ ಬಲಿಯಬೇಕಾಗಿದ್ದ ಸತ್ತ್ವವೇ ಆ ರಸವಾದುದರಿಂದ, ಗಡಿಗೆ ಕಟ್ಟಿದ ಹೊಂಬಾಳೆಯಲ್ಲಿ ತೆಂಗಿನಕಾಯಿಯ ಆಸೆಯನ್ನು ತೊರೆಯಬೇಕು.

ಮರದಿಂದ ಆಗತಾನೆ ಇಳಿದ ರಸವು ಸಿಹಿ. ನೂರು ಭಾಗದಲ್ಲಿ ಹನ್ನೆರಡರಿಂದ ಹದಿನೈದು ಭಾಗದವರೆಗೆ ಸಕ್ಕರೆಯಿರುವುದುಂಟು. ಆದರೆ ಗಡಿಗೆಯ ಒಳಮೈಯಲ್ಲಿ ನಿನ್ನೆಯ ಯೀಸ್ಟ್ ಮನೆಮಾಡಿಕೊಂಡಿರುವುದರಿಂದ ಹುದುಗುವಿಕೆಯು ಮರದ ಮೇಲೆಯೇ ಮೊದಲಾಗಿರುತ್ತದೆ. ಆದ್ದರಿಂದ ಬೆಳಗಿನ ಕಳ್ಳು ಬಹುಪಾಲು ಸಿಹಿಯಾಗಿದ್ದು, ನಾಲಗೆಯ ತುದಿಯನ್ನು ಸಣ್ಣಗೆ ಚುಚ್ಚುವ ನೊರೆಯನ್ನೂ ಎಳನೀರಿನ ದೂರದ ನೆನಪನ್ನೂ ಹೊಂದಿರುತ್ತದೆ. ಹೊತ್ತು ನೆತ್ತಿಗೇರುವಷ್ಟರಲ್ಲಿ ಯೀಸ್ಟು ಸಕ್ಕರೆಯನ್ನು ಮದ್ಯವಾಗಿಯೂ ಅನಿಲವಾಗಿಯೂ ಮಾರ್ಪಡಿಸಿ, ಅದರ ಜೊತೆಜೊತೆಗೆ ಮೊಸರನ್ನು ಹೆಪ್ಪಾಗಿಸುವ ಬಳಗದ ಜೀವಾಣುಗಳು ಹುಳಿಯನ್ನು ಸೇರಿಸಿ, ಸಿಹಿಹುಳಿಗಳು ತಕ್ಕಡಿಯ ಎರಡು ತಟ್ಟೆಗಳಂತೆ ಸಮತೂಗುವ ಒಂದು ಗಳಿಗೆ ಬರುವುದು. ರುಚಿಯನ್ನು ಬಲ್ಲವರು ಮೆಚ್ಚುವುದು ಈ ಗಳಿಗೆಯನ್ನೇ. ಬವೇರಿಯಾದ ಗೋಧಿಯ ಬಿಯರಿನಲ್ಲಿರುವ ಹಣ್ಣಿನ ಪರಿಮಳಕ್ಕೆ ಸಂವಾದಿಯಾದ ಗಂಧವನ್ನು ನಾನು ಗುರುತಿಸಿರುವುದೂ ಇಲ್ಲಿಯೇ. ಸಂಜೆಗೆ ‘ಹುಳಿ ಬಂತು’ ಎನ್ನುವರು: ಸಿಹಿ ಅಡಗಿ, ಹುಳಿ ಮೇಲಾಗಿ, ಮದ್ಯಾಂಶವು ಸಾಧಾರಣ ಬಿಯರಿನ ಮಟ್ಟಕ್ಕೆ ಏರಿ, ಪಾನೀಯವು ಲಾಂಬಿಕಿನ ನೆರೆಯಲ್ಲಿ ನಿಲ್ಲುತ್ತದೆ. ಮಾರನೆಯ ದಿನದಿಂದ ಗಾಳಿಯ ಸಂಪರ್ಕದಲ್ಲಿ ಅದೇ ಮದ್ಯವು ವಿನೆಗರಿನ ದಾರಿ ಹಿಡಿದು, ಲೋಟವನ್ನು ತೊರೆದು ಅಡಿಗೆಯ ಮನೆಯನ್ನು ಸೇರುವುದು.

ಹೊತ್ತಿನಂತೆ ಮರವೂ ರುಚಿಯನ್ನು ನಿರ್ಧರಿಸುವುದು. ಕರಾವಳಿಯ ಮರಳುನೆಲದ ತೆಂಗಿನ ಕಳ್ಳು ಮೃದು. ಬೇಸಗೆಯಲ್ಲಷ್ಟೇ ರಸ ಕೊಡುವ ತಾಳೆಯದು ಅದಕ್ಕಿಂತ ಗಾಢ. ಅದರ ಹುದುಗದ ರಸವನ್ನು ಕಾಯಿಸಿ ಮಾಡಿದ ಓಲೆಬೆಲ್ಲದ ಹೊಗೆಗಂಧವನ್ನು ಬಲ್ಲವರಿಗೆ ಈ ಗಾಢತೆಯ ಅರಿವಾಗುವುದು. ಬೈಂದೂರಿನಿಂದ ಮೂಡಣಕ್ಕೆ ಕೊಲ್ಲೂರಿನ ಕಡೆ ಹೊರಳಿ ಕೊಡಚಾದ್ರಿಯ ತಪ್ಪಲನ್ನು ಮುಟ್ಟಿದರೆ, ಕಾಡಿನ ಅಂಚಿನಲ್ಲಿ ಕುದುರೆಯ ಬಾಲದಂತೆ ಹೂಗೊಂಚಲನ್ನು ಇಳಿಬಿಟ್ಟ ಬೈನೆ ಮರವು ಎದುರಾಗುತ್ತದೆ. ತನ್ನ ಆಯುಷ್ಯದ ಕೊನೆಯಲ್ಲಿ ಮೇಲಿನಿಂದ ಕೆಳಮುಖವಾಗಿ ಹೂಬಿಟ್ಟು ಸಾಯುವ ಈ ಮರವು ರಸವನ್ನು ಕೊಡುವುದರಲ್ಲಿ ತೆಂಗಿಗಿಂತ ಬಹಳ ಉದಾರಿ.

ಪಾನೀಯದ ರುಚಿಯು ಉಣಿಸಿನ ನೆರೆಯಲ್ಲಿ ಪೂರ್ಣವಾಗುವುದು. ಕಹಿಯಾದ ಲಾಗರಿಗೆ ಉಪ್ಪುಖಾರದ ಕರಿದ ತಿನಿಸು ಹೊಂದುವುದು. ಬಂಗಡೆಯ ಖಾರದ ಪುಳಿಮುಂಚಿಗೆ, ಕುಂದಾಪುರದ ಕೋಳಿಸಾರಿಗೆ ಕಳ್ಳಿನ ಸಿಹಿಹುಳಿಯು ಹೊಂದುವಂತೆ ಮತ್ತೊಂದು ಹೊಂದದು, ಏಕೆಂದರೆ ಹಾಪಿನ ಕಹಿಯು ಮೆಣಸಿನ ಉರಿಯನ್ನು ಕೆರಳಿಸಿದರೆ ಕಳ್ಳಿನ ಸಿಹಿಯು ಅದನ್ನು ತಣಿಸುತ್ತದೆ. ಕುಡಿಯದವರ ಮನೆಗೂ ಕಳ್ಳು ಇನ್ನೊಂದು ರೂಪದಲ್ಲಿ ಬರುತ್ತಿತ್ತು: ಈ ಸೀಮೆಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಹಬ್ಬದ ದಿನ ಬೇಯುವ ಸನ್ನದ ಹಿಟ್ಟನ್ನು ಉಬ್ಬಿಸುತ್ತಿದ್ದುದು, ಅವರು ‘ಸುರ್’ ಎಂದು ಕರೆಯುವ ಈ ಕಳ್ಳೇ. ಈಗ ಪೊಟ್ಟಣದ ಯೀಸ್ಟು ಆ ಸ್ಥಾನವನ್ನು ಹಿಡಿದಿದೆ; ಹಿಟ್ಟು ಉಬ್ಬುವುದು ನಿಜ, ಆದರೆ ಕಳ್ಳಿನ ಮೆಲುಸಿಹಿಯೂ ತೆಳುಹುಳಿಯೂ ಅದರಲ್ಲಿಲ್ಲ.

ಇಷ್ಟನ್ನು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನು ಮರೆಮಾಚುವುದು ಅಪ್ರಾಮಾಣಿಕತೆಯಾದೀತು. ಮದ್ಯದಿಂದ ಮುಳುಗಿದ ಸಂಸಾರಗಳು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು, ಕಳ್ಳಿಳಿಸುವುದನ್ನೇ ಕುಲವೃತ್ತಿಯೆಂದು ಪರಿಗಣಿಸಲ್ಪಟ್ಟ ಜನಸಮೂಹಕ್ಕೆ ಅದನ್ನು ತಯಾರಿಸುವುದನ್ನೂ ಮಾರುವುದನ್ನೂ ಕುಡಿಯುವುದನ್ನೂ ಬಿಡಬೇಕೆಂದು ಬೋಧಿಸಿದರು. ಬಿಲ್ಲವರ ವಿದ್ಯಾಭ್ಯುದಯಕ್ಕೆ ಆ ಬೋಧೆಯ ಪ್ರೇರಣೆ ಎಷ್ಟೆಂಬುದನ್ನು ಈ ಜಿಲ್ಲೆಯು ಬಲ್ಲುದು. ಕುಂದಾಪುರ ಸೀಮೆಯು ಮದರಾಸು ಆಡಳಿತದಲ್ಲಿದ್ದ ಕಾಲದಲ್ಲಿ, 1948ರಲ್ಲಿ, ಪಾನನಿರೋಧವು ಆ ಪ್ರಾಂತವೆಲ್ಲಕ್ಕೂ ವಿಸ್ತರಿಸಿದಾಗ ಗಡಿಗೆಗಳು ಮರದಿಂದ ಇಳಿಯಬೇಕಾಯಿತು. 1956ರಲ್ಲಿ ನಾವು ಮೈಸೂರು ರಾಜ್ಯವನ್ನು ಸೇರಿದೆವು; ಮುಂದೆ ಆ ನಿರೋಧವು ತೆರವಾಯಿತು. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಂತಿತು. ರಾಜ್ಯದ ಇತರ ಭಾಗಗಳಲ್ಲಿ ಕಲಬೆರಕೆಯ ಕಾರಣದಿಂದ ಶೇಂದಿಯೂ ನಿಂತರೂ, ಮರದಿಂದಿಳಿದ ನಿಜವಾದ ಕಳ್ಳಿಗೆ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಅವಕಾಶವುಳಿಯಿತು.

ಇದೇ ರಸವು ಹುದುಗದೆ ಉಳಿಯುವ ದಾರಿಯನ್ನು ವಿಜ್ಞಾನವು ಈಗ ತೆರೆದಿದೆ. ಹಿಂದೆ ನೀರಾ ಎಂಬ ಈ ಹುದುಗದ ರಸ ಬೇಕಾದವರು ಗಡಿಗೆಗೆ ಸುಣ್ಣ ಬಳಿದು ಹುದುಗನ್ನು ತಡೆಯುತ್ತಿದ್ದರು. ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನ ಸಂಸ್ಥೆಯು ಮಂಜುಗಡ್ಡೆಯಿಟ್ಟ ಪೆಟ್ಟಿಗೆಯನ್ನು ಹೊಂಬಾಳೆಗೆ ಜೋಡಿಸಿ, ರಸವು ತೊಟ್ಟಿಕ್ಕುವ ಕ್ಷಣದಿಂದಲೇ ಅದನ್ನು ತಂಪಿನಲ್ಲಿರಿಸುವ ವಿಧಾನವನ್ನು ರೂಪಿಸಿ ‘ಕಲ್ಪರಸ’ವೆಂದು ಹೆಸರಿಟ್ಟಿತು. ಕುಂದಾಪುರ ತಾಲೂಕಿನ ಜಪ್ತಿ ಗ್ರಾಮದಲ್ಲಿ ತೆಂಗು ಬೆಳೆಗಾರರು ಕೂಡಿ ಕಟ್ಟಿದ ಸಂಸ್ಥೆಯು ಈ ಕಲ್ಪರಸವನ್ನು ಇಳಿಸಲು ಮುಂದಾಗಿದೆ. ಮಕ್ಕಳಿಗೂ ಕೊಡಬಹುದಾದ ಈ ಪಾನೀಯದ ಸಿಹಿಯು ಬೆಳಗಿನ ಕಳ್ಳಿಗೆ ಪೂರ್ವರಂಗವಿದ್ದಂತೆ. ಅಲ್ಲಿಗೂ ಬೇಕಾದುದು ಅದೇ ಕತ್ತಿ, ಅದೇ ಕೈಹದ.

ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಹಾನ್ಸೆನ್ ಎಂಬ ವಿಜ್ಞಾನಿಯು 1883ರಲ್ಲಿ ಯೀಸ್ಟಿನ ಒಂದೇ ಕೋಶದಿಂದ ಶುದ್ಧವಾದ ಬೆಳೆಯನ್ನು ತೆಗೆದಂದಿನಿಂದ ಬಿಯರಿನ ಸಾಧನೆಯೆಲ್ಲವೂ ಒಂದೇ ಗುರಿಯನ್ನು ಹಿಡಿದು ನಡೆದಿದೆ: ಇಂದಿನ ಸೀಸೆಯ ರುಚಿಯು ನಾಳಿನ ಸೀಸೆಯಲ್ಲಿಯೂ ಇರಬೇಕು. ಅದು ಕಾಲವನ್ನು ನಿಲ್ಲಿಸುವ ವಿದ್ಯೆ, ಮಹತ್ತಾದ ವಿದ್ಯೆ. ಕಳ್ಳು ಕಾಲವನ್ನು ನಿಲ್ಲಿಸದು, ಅದರೊಡನೆ ನಡೆಯುವುದು. ಅದರ ರುಚಿಯನ್ನು ತಿಳಿಯಬೇಕಾದರೆ ಮರ ಯಾವುದು, ಇಳಿಸಿದ ಹೊತ್ತು ಯಾವುದು, ಸವರಿದ ಕೈ ಯಾರದು ಎಂಬ ಮೂರನ್ನೂ ಕೇಳಬೇಕು. ಹೀಗೆ ಕೇಳಿ, ಗುಟುಕುಗುಟುಕಾಗಿ ಅರಿತು ಸವಿಯುವವನಿಗೆ ಮಿತಿಯು ತಾನಾಗಿಯೇ ಒದಗುವುದೆಂಬುದು ನನ್ನ ವಿಶ್ವಾಸ. ಮಿತಿಮೀರಿದವನಿಗೆ ರುಚಿಯು ಎಂದೂ ತಿಳಿಯದು. ಮರವನ್ನೇರುವ ಕೈಗಳು ಮುಪ್ಪಾಗುತ್ತಿವೆ, ಆ ಕತ್ತಿಯನ್ನು ಹಿಡಿಯಲು ಮಕ್ಕಳು ಮುಂದೆ ಬಾರರು. ದಿನಕ್ಕೆರಡು ಬಾರಿ ಜೀವವನ್ನು ಪಣವಿಡುವ ಕಸುಬಿಗೆ ಅವರನ್ನು ಒತ್ತಾಯಿಸುವ ಅಧಿಕಾರವೂ ನಮಗಿಲ್ಲ. ಆದರೆ ಆ ಕಸುಬಿನೊಳಗಿನ ಅರಿವನ್ನು ಗೌರವದಿಂದ ಕೇಳಿ ಬರೆದಿಡುವ ಹೊಣೆ ನಮ್ಮದು. ಕಡೆಯ ಗಡಿಗೆಯು ಇಳಿದ ದಿನ ಸೀಸೆಯೊಳಗೆ ಹಿಡಿದಿಡಬಹುದಾದ ರುಚಿ ಇದಲ್ಲ. ಇಂದು ಬೆಳಿಗ್ಗೆ ಮರವಂತೆಯ ಮರದಿಂದ ಇಳಿದುದು ಇಂದು ಸಂಜೆಗೆ ಬೇರೆಯಾಗಿರುವುದು, ನಾಳೆಗೆ ಉಳಿದಿರದು.