ವೇಗದ ಕಾರು: ಕೊಳ್ಳುವ ಬೆಲೆ, ಸಾಕುವ ಬೆಲೆ

ಭಾಲ್ಕಿಯ ಬಸ್ ನಿಲ್ದಾಣದ ಬಳಿ ಅರ್ಧ ಗಂಟೆ ನಿಂತು, ಹಾದು ಹೋಗುವ ಕಾರುಗಳ ನಂಬರು ಫಲಕಗಳನ್ನು ಓದುತ್ತಿದ್ದರೆ ಮೂರು ರಾಜ್ಯಗಳ ಭೂಗೋಳ ಕಣ್ಣ ಮುಂದೆ ಬರುತ್ತದೆ. ಬೀದರಿನ ಕೆಎ ೩೮, ಭಾಲ್ಕಿಯ ಕೆಎ ೩೯, ಲಾತೂರಿನ ಎಂಎಚ್ ೨೪, ತೆಲಂಗಾಣದ ಟಿಎಸ್, ೨೦೨೪ರ ಮಾರ್ಚಿನಿಂದ ಈಚೆಗೆ ಟಿಜಿ. ಗಡಿಯ ಜಿಲ್ಲೆಯವರಾದ ನಮಗೆ ಬೆಂಗಳೂರು ದೂರ, ಹೈದರಾಬಾದು ಹತ್ತಿರ. ಸೀರೆಯಿಂದ ಹಿಡಿದು ಯಂತ್ರದವರೆಗೆ ದೊಡ್ಡ ಖರೀದಿ ಎಂದರೆ ಅತ್ತಲೇ ಮುಖ. ಹಳೆಯ ಕಾರಿನ ಖರೀದಿಯೂ ಹಾಗೆಯೇ.

ಅಲ್ಲಿಯ ಅಂಗಡಿಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ. ಹೊಸದರಲ್ಲಿ ಮೂವತ್ತು ನಲವತ್ತು ಲಕ್ಷ ರೂಪಾಯಿ ಬಾಳಿದ್ದ, ಬಾಣದಂತೆ ಹಾರುವ ಕಾರು, ಏಳೆಂಟು ವರ್ಷ ಕಳೆದ ಮೇಲೆ ಹೊಸ ಸಣ್ಣ ಕಾರಿನ ಬೆಲೆಗೆ ನಿಂತಿರುತ್ತದೆ. ಭಾತಂಬ್ರಾದಂಥ ಊರಿನ ಮನೆಗಳಲ್ಲಿಯೂ ಈಗ ಈ ಮಾತು ಕೇಳಿಬರುತ್ತಿದೆ. “ಅಷ್ಟೇ ಹಣಕ್ಕೆ ಮೂರು ಪಟ್ಟು ಬಲದ ಕಾರು ಬರುವಾಗ ಸಣ್ಣದೇಕೆ?” ಎಂದು ಮಗ ಕೇಳುತ್ತಾನೆ, ತಂದೆಗೆ ತಕ್ಷಣ ಉತ್ತರ ಹೊಳೆಯುವುದಿಲ್ಲ. ಪ್ರಶ್ನೆ ದಡ್ಡತನದ್ದಲ್ಲ. ಆದ್ದರಿಂದ ಗದರಿಸದೆ, ಕಾಗದ ಪೆನ್ಸಿಲು ತೆಗೆದುಕೊಂಡು ಲೆಕ್ಕ ಹಾಕಿ ನೋಡೋಣ.

ಈ ಲೆಕ್ಕ ನಮ್ಮ ನೆಲಕ್ಕೆ ಹೊಸತೇನೂ ಅಲ್ಲ. ಸುಮಾರು ೧೪೭೦ರ ಹೊತ್ತಿಗೆ, ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ಬೀದರಿಗೆ ರಷ್ಯಾದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ಒಂದು ಗಂಡು ಕುದುರೆಯನ್ನು ಮಾರಲೆಂದು ತಂದನು. ಅಂದಿನ ವೇಗದ ವಾಹನ ಅದೇ ತಾನೆ! ಈ ಸೀಮೆಯಲ್ಲಿ ಕುದುರೆಗೆ ಕಡಲೆ ಹಾಕುತ್ತಾರೆ, ಸಕ್ಕರೆ ಎಣ್ಣೆ ಬೆರೆಸಿ ಖಿಚಡಿ ಬೇಯಿಸಿ ತಿನ್ನಿಸುತ್ತಾರೆ ಎಂದು ಅವನು ತನ್ನ ಪ್ರವಾಸ ಕಥನದಲ್ಲಿ ಬರೆದಿಟ್ಟಿದ್ದಾನೆ. ಕೊನೆಗೆ ಬೀದರಿನಲ್ಲಿ ಕುದುರೆಯನ್ನು ಮಾರಿದಾಗ, ಒಂದು ವರ್ಷ ಅದನ್ನು ಸಾಕುವುದಕ್ಕೆ ಅರವತ್ತೆಂಟು ‘ಫುತುನ್’ ನಾಣ್ಯ ಖರ್ಚಾಯಿತೆಂದು ನಮೂದಿಸಲು ಮರೆಯಲಿಲ್ಲ. ಮಾರಿದ ಸಂತೋಷಕ್ಕಿಂತ ಮೇವಿನ ಲೆಕ್ಕವೇ ಆ ವರ್ತಕನ ನೆನಪಿನಲ್ಲಿ ಉಳಿದಂತಿದೆ.

ಕನ್ನಡ ಪಂಡಿತನಾದ ನನಗೆ ಇದು ವ್ಯಾಕರಣದ ವಿಷಯವಾಗಿಯೂ ಕಾಣುತ್ತದೆ. ‘ಕೊಂಡೆನು’ ಎಂಬುದು ಭೂತಕಾಲದ ಕ್ರಿಯೆ. ಒಮ್ಮೆ ಆಗಿ ಮುಗಿಯಿತು. ‘ಸಾಕುತ್ತೇನೆ’ ಎಂಬುದು ವರ್ತಮಾನ. ‘ಸಾಕುವೆನು’ ಎಂಬುದು ಭವಿಷ್ಯತ್ತು. ಅಂಗಡಿಯವನು ಹೇಳುವುದು ಭೂತಕಾಲದ ಬೆಲೆಯನ್ನು ಮಾತ್ರ. ಉಳಿದೆರಡು ಕಾಲಗಳ ಬೆಲೆಯನ್ನು ನಾವೇ ಕೇಳಿ ತಿಳಿಯಬೇಕು.

ಮೊದಲನೆಯದು ಮೇವು, ಎಂದರೆ ಪೆಟ್ರೋಲು. ಕುದುರೆ ಹೋದರೂ ಅದರ ಹೆಸರು ಅಶ್ವಶಕ್ತಿ ಎಂಬ ಅಳತೆಯಲ್ಲಿ ಉಳಿದುಕೊಂಡಿದೆ. ಮಾರುತಿಯ ಆಲ್ಟೊ ಕೆ೧೦ ಕಾರಿಗೆ ಸುಮಾರು ಅರವತ್ತೇಳು ಅಶ್ವಶಕ್ತಿ. ೨೦೨೦ರಲ್ಲಿ ಭಾರತಕ್ಕೆ ಕೇವಲ ಇನ್ನೂರು ಬಂದ ಸ್ಕೋಡಾ ಆಕ್ಟೇವಿಯ ಆರ್‌ಎಸ್ ಕಾರಿಗೆ ಇನ್ನೂರ ನಲವತ್ತೈದು. ಅಷ್ಟು ಕುದುರೆಗಳನ್ನು ಲಾಯದಲ್ಲಿ ಕಟ್ಟಿದ ಮೇಲೆ ಹುರುಳಿ ಹಾಕಬೇಕಲ್ಲವೆ? ತಿಂಗಳಿಗೆ ಸಾವಿರ ಕಿಲೋಮೀಟರು ಓಡಿಸುವ ಮನೆ, ಲೀಟರಿಗೆ ನೂರು ರೂಪಾಯಿ ಎಂದಿಟ್ಟುಕೊಳ್ಳೋಣ. ಲೀಟರಿಗೆ ಹದಿನೆಂಟು ಕಿಲೋಮೀಟರು ಕೊಡುವ ಕಾರಿಗೆ ತಿಂಗಳ ಖರ್ಚು ಸುಮಾರು ೫,೫೫೦ ರೂಪಾಯಿ. ಒಂಬತ್ತು ಕೊಡುವ ಕಾರಿಗೆ ಸುಮಾರು ೧೧,೧೦೦. ವರ್ಷಕ್ಕೆ ವ್ಯತ್ಯಾಸ ಅರವತ್ತಾರು ಸಾವಿರಕ್ಕೂ ಮೇಲೆ.

ಇದರ ಜೊತೆಗೆ ಇನ್ನೊಂದು ಸಂಗತಿ. ೨೦೨೩ರ ಫೆಬ್ರುವರಿಯಿಂದ ನಮ್ಮ ದೇಶದಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲು ಬರತೊಡಗಿತು. ಕಬ್ಬು ಬೆಳೆಯುವ ನಮ್ಮ ಜಿಲ್ಲೆಗೆ ಅದು ಒಳ್ಳೆಯ ಸುದ್ದಿಯೇ. ಆದರೆ ಲೀಟರು ಲೀಟರಿಗೆ ಹೋಲಿಸಿದರೆ ಎಥನಾಲಿನ ಶಾಖ ಪೆಟ್ರೋಲಿನದಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಮೈಲೇಜು ಸ್ವಲ್ಪ ಇಳಿಯುತ್ತದೆ. ಅದಕ್ಕೂ ಹಿಂದೆ ತಯಾರಾದ ಕಾರುಗಳ ರಬ್ಬರು ಕೊಳವೆಗಳೂ ಬಿಗಿಪಟ್ಟಿಗಳೂ ಈ ಮಿಶ್ರಣಕ್ಕೆಂದೇ ರೂಪಿಸಿದವಾಗಿರಲಿಕ್ಕಿಲ್ಲ. ಕೊಳ್ಳುವ ಮುನ್ನ ಇಂಧನದ ಮುಚ್ಚಳದ ಒಳಬದಿ ಏನು ಬರೆದಿದೆ ಎಂಬುದನ್ನು ಓದಿ ನೋಡಿ. ಯಾವ ಮಿಶ್ರಣ, ಎಷ್ಟು ಆಕ್ಟೇನ್ ಬೇಕೆಂಬುದು ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ.

ಎರಡನೆಯದು ಯಂತ್ರದ ಆರೈಕೆ. ಇಂಥ ಕಾರುಗಳಲ್ಲಿ ಟರ್ಬೊ ಎಂಬ ಸಣ್ಣ ಚಕ್ರವಿರುತ್ತದೆ. ಹೊರಹೋಗುವ ಹೊಗೆಯ ರಭಸದಿಂದಲೇ ಅದು ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿ ಸುತ್ತು ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುತ್ತದೆ. ಆ ಚಕ್ರದ ಅಚ್ಚು ತೇಲುವುದು ತೆಳುವಾದ ಎಣ್ಣೆಯ ಪದರದ ಮೇಲೆ. ಎಣ್ಣೆ ಹಳತಾದರೆ, ಅಥವಾ ಹೆದ್ದಾರಿಯಲ್ಲಿ ಓಡಿಬಂದ ಕಾರನ್ನು ಥಟ್ಟನೆ ಆರಿಸಿಬಿಟ್ಟರೆ, ಅಲ್ಲಿ ನಿಂತ ಎಣ್ಣೆ ಸುಟ್ಟು ಕರಿಕಟ್ಟುತ್ತದೆ. ಹಿಂದಿನ ಒಡೆಯನು ಎಣ್ಣೆಯಲ್ಲಿ ಉಳಿಸಿದ ಎರಡು ಸಾವಿರ ರೂಪಾಯಿ, ಮುಂದಿನ ಒಡೆಯನ ಪಾಲಿಗೆ ದೊಡ್ಡ ದುರಸ್ತಿಯಾಗಿ ಬರುವುದು ಹೀಗೆ. ಟೈಮಿಂಗ್ ಬೆಲ್ಟ್ ಎಂಬ ರಬ್ಬರು ಪಟ್ಟಿಯೂ ಹಾಗೆಯೇ. ಓಡಿದರೂ ಸವೆಯುತ್ತದೆ, ನಿಂತರೂ ಮುಪ್ಪಾಗುತ್ತದೆ. ಹರಿದರೆ ಹಲವು ಎಂಜಿನುಗಳಲ್ಲಿ ಕವಾಟಗಳೂ ಕೊಂತಗಳೂ ಒಂದಕ್ಕೊಂದು ಬಡಿದು ಯಂತ್ರವೇ ಹಾಳಾಗುತ್ತದೆ.

ಗಿಯರು ಪೆಟ್ಟಿಗೆಯ ವಿಚಾರವೂ ಉಂಟು. ವೇಗದ ಕಾರುಗಳಲ್ಲಿ ಅನೇಕಕ್ಕೆ ಎರಡು ಕ್ಲಚ್ಚುಗಳು: ಒಂದು ಬೆಸ ಗಿಯರುಗಳಿಗೆ, ಇನ್ನೊಂದು ಸಮ ಗಿಯರುಗಳಿಗೆ. ಒಂದು ಕೆಲಸದಲ್ಲಿರುವಾಗ ಇನ್ನೊಂದು ಸಿದ್ಧವಾಗಿ ಕಾಯುವುದರಿಂದ ಗಿಯರು ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಗುತ್ತದೆ. ಹೆದ್ದಾರಿಯಲ್ಲಿ ಅದು ಸುಖ. ಸಂತೆಯ ದಿನ ಎತ್ತಿನ ಗಾಡಿಯ ಹಿಂದೆ, ಹೆಜ್ಜೆಗೊಂದು ಉಬ್ಬು ದಾಟುತ್ತಾ ತೆವಳುವಾಗ ಅದೇ ಕ್ಲಚ್ಚುಗಳು ಬಿಸಿಯಾಗಿ ಸವೆಯುತ್ತವೆ. ೨೦೧೩ರ ನವೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಸಂಸ್ಥೆ ಜಗತ್ತಿನಾದ್ಯಂತ ಸುಮಾರು ಹದಿನಾರು ಲಕ್ಷ ಕಾರುಗಳನ್ನು ಇಂಥ ಏಳು ಗಿಯರಿನ ಪೆಟ್ಟಿಗೆಯ ಎಣ್ಣೆ ಬದಲಿಸಲೆಂದು ಹಿಂದಕ್ಕೆ ಕರೆಸಿತ್ತು. ಹಳೆಯ ಕಾರು ಕೊಳ್ಳುವವನು ಇಂಥ ತಿದ್ದುಪಡಿಗಳು ತನ್ನ ಕಾರಿಗೆ ಆಗಿವೆಯೋ ಇಲ್ಲವೋ ಎಂಬುದನ್ನು ಹದಿನೇಳು ಅಕ್ಷರಗಳ ಚಾಸಿ ಸಂಖ್ಯೆ ಕೊಟ್ಟು ಕಂಪನಿಯ ಕಾರ್ಯಾಗಾರದಲ್ಲಿ ವಿಚಾರಿಸಬೇಕು. ದುಬಾರಿ ಜರ್ಮನ್ ಕಾರುಗಳ ಮಟ್ಟಿಗೆ ನಮ್ಮ ಕಡೆಯವರಿಗೆ ಆ ಕಾರ್ಯಾಗಾರ ಎಂದರೆ ಹೈದರಾಬಾದೇ. ಕಾರು ದಾರಿಯಲ್ಲಿ ನಿಂತರೆ ಅದನ್ನು ಹೊತ್ತೊಯ್ಯುವ ಲಾರಿಯ ಬಾಡಿಗೆಯೂ ಲೆಕ್ಕದಲ್ಲಿ ಸೇರಬೇಕು.

ಮೂರನೆಯದು ಕಾಲು, ಎಂದರೆ ಟೈರು ಮತ್ತು ಬ್ರೇಕು. ಟೈರಿನ ಬದಿಯಲ್ಲಿ ‘೨೨೫/೪೫ ಆರ್ ೧೭ ೯೧ ಡಬ್ಲ್ಯು’ ಎಂಬಂಥ ಬರಹವಿರುತ್ತದೆ. ಅಗಲ ೨೨೫ ಮಿಲಿಮೀಟರು. ಪಕ್ಕದ ಎತ್ತರ ಆ ಅಗಲದ ನೂರಕ್ಕೆ ನಲವತ್ತೈದು ಪಾಲು. ಒಳಗಿನ ಗಾಲಿ ಹದಿನೇಳು ಇಂಚು. ೯೧ ಭಾರದ ಸೂಚಿ. ಕೊನೆಯ ಅಕ್ಷರ, ಗಂಟೆಗೆ ೨೭೦ ಕಿಲೋಮೀಟರಿನ ವೇಗವನ್ನು ತಾಳಬಲ್ಲದೆಂಬ ಗುರುತು. ಪಕ್ಕ ತೆಳ್ಳಗಾದಷ್ಟೂ ತಿರುವಿನಲ್ಲಿ ಹಿಡಿತ ಹೆಚ್ಚು, ಗುಂಡಿಯಲ್ಲಿ ಪೆಟ್ಟು ಹೆಚ್ಚು. ಮಳೆಗಾಲದ ನಂತರದ ನಮ್ಮ ಹಳ್ಳಿ ರಸ್ತೆಗಳಲ್ಲಿ ಟೈರು ಸೀಳುವುದೂ ಅಲಾಯ್ ಗಾಲಿ ಸೊಟ್ಟಗಾಗುವುದೂ ಒಟ್ಟಿಗೇ ಆಗಬಹುದು. ಬದಿಯಲ್ಲಿ ಅಚ್ಚಾದ ಇನ್ನೊಂದು ನಾಲ್ಕಂಕಿಯನ್ನೂ ಓದಲು ಕಲಿಯಿರಿ: ೨೩೧೯ ಎಂದರೆ ೨೦೧೯ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು. ಹೊಳಪು ಬಳಿದ ಹಳೆಯ ಟೈರಿನ ವಯಸ್ಸನ್ನು ಅದು ಮುಚ್ಚಿಡುವುದಿಲ್ಲ.

ಬ್ರೇಕಿನ ವಿಷಯದಲ್ಲಿ ಜಿಪುಣತನ ಪ್ರಾಣದ ಮೇಲೆ ಬರುತ್ತದೆ. ವೇಗ ಇಮ್ಮಡಿಯಾದರೆ ಕಾರಿನ ಚಲನಶಕ್ತಿ ನಾಲ್ಕು ಮಡಿಯಾಗುತ್ತದೆ. ಬ್ರೇಕು ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರವೂ ಸುಮಾರು ನಾಲ್ಕು ಮಡಿ. ಬಲವಾದ ಎಂಜಿನ್ನಿಗೆ ತಕ್ಕ ದೊಡ್ಡ ಬ್ರೇಕು ತಟ್ಟೆಗಳನ್ನು ತಯಾರಕರು ಸುಮ್ಮನೆ ಕೊಟ್ಟಿಲ್ಲ. ಅವು ಸವೆದಾಗ ಅಗ್ಗದ ಮಾಲು ಹಾಕಿಸುವ ಮನಸ್ಸಿದ್ದರೆ ಅಂಥ ಕಾರು ಕೊಳ್ಳದಿರುವುದೇ ಮೇಲು. ಮನೆಯವರೆಲ್ಲ ಕುಳಿತು ಹೋಗುವ ವಾಹನವಲ್ಲವೆ?

ನಾಲ್ಕನೆಯದು ವಿಮೆ. ಮೂರನೆಯವರ ಹಾನಿಗೆ ಕಡ್ಡಾಯವಾದ ವಿಮೆಯ ವಾರ್ಷಿಕ ದರ, ೨೦೨೨ರ ಜೂನ್ ೧ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ, ಸಾವಿರ ಸಿಸಿ ಒಳಗಿನ ಕಾರಿಗೆ ೨,೦೯೪ ರೂಪಾಯಿ. ಸಾವಿರದೈನೂರು ಸಿಸಿ ಮೀರಿದ ಕಾರಿಗೆ ೭,೮೯೭. ಸ್ವಂತ ಕಾರಿನ ಹಾನಿಯ ವಿಮೆ ಇದರ ಮೇಲೆ. ಅಪಘಾತವಾದಾಗಲೂ ಸಾಮಾನ್ಯ ಪಾಲಿಸಿಯಲ್ಲಿ ರಬ್ಬರು ಮತ್ತು ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಅರ್ಧವನ್ನು ಸವಕಳಿ ಎಂದು ಕಳೆಯುತ್ತಾರೆ. ಇಂಥ ಕಾರಿನ ಮುಂಬದಿಯಲ್ಲಿ ಪ್ಲಾಸ್ಟಿಕ್ಕೇ ಹೆಚ್ಚು. ಹಿಂದಿನ ಒಡೆಯನಿಗೆ ಸಿಗುತ್ತಿದ್ದ ‘ಕ್ಲೇಮು ಇಲ್ಲದ’ ರಿಯಾಯಿತಿ ಅವನಿಗೆ ಸೇರಿದ್ದು. ಕಾರಿನ ಜೊತೆಗೆ ನಿಮಗೆ ಬರುವುದಿಲ್ಲ. ಕೊಂಡ ಹದಿನಾಲ್ಕು ದಿನಗಳೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು.

ಐದನೆಯದು ತೆರಿಗೆ. ನಮ್ಮ ಗಡಿಯ ಜಿಲ್ಲೆಯವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ೧೯೮೮ರ ಮೋಟಾರು ವಾಹನ ಕಾಯಿದೆಯ ಪ್ರಕಾರ, ಬೇರೆ ರಾಜ್ಯದಲ್ಲಿ ನೋಂದಣಿಯಾದ ಕಾರನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಮೂಲ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬೇಕು. ಕರ್ನಾಟಕದ ಜೀವಿತಾವಧಿ ತೆರಿಗೆಯನ್ನೂ ಕಟ್ಟಬೇಕು. ಇಪ್ಪತ್ತು ಲಕ್ಷ ಮೀರಿದ ಪೆಟ್ರೋಲು ಡೀಸೆಲು ಕಾರುಗಳಿಗೆ ಈ ತೆರಿಗೆ ಶೇಕಡಾ ೧೮, ಮೇಲೆ ಉಪಕರ. ವಯಸ್ಸಿಗೆ ತಕ್ಕಂತೆ ಕಡಿತವುಂಟು ನಿಜ. ಆದರೆ ಲೆಕ್ಕದ ಮೂಲ ನೀವು ಕೊಟ್ಟ ಬೆಲೆಯಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆ. ಮೂವತ್ತೆರಡು ಲಕ್ಷದ ಕಾರನ್ನು ಒಂಬತ್ತು ಲಕ್ಷಕ್ಕೆ ಕೊಂಡಿರೆನ್ನಿ. ಪೂರ್ಣ ತೆರಿಗೆ ೫,೭೬,೦೦೦ ರೂಪಾಯಿ. ಉದಾಹರಣೆಗೆ, ಅದರಲ್ಲಿ ಅರ್ಧ ಕಡಿತವಾಯಿತೆಂದು ಹಿಡಿದರೂ ೨,೮೮,೦೦೦ ಕೈಯಿಂದ ಹೋಗುತ್ತದೆ. ನಿಮ್ಮ ಕಾರಿಗೆ ನಿಖರವಾಗಿ ಎಷ್ಟೆಂಬುದನ್ನು ಮುಂಗಡ ಕೊಡುವ ಮೊದಲೇ ಬೀದರಿನ ಅಥವಾ ಭಾಲ್ಕಿಯ ಸಾರಿಗೆ ಕಚೇರಿಯಲ್ಲಿ ಕೇಳಿಕೊಳ್ಳಿರಿ. ಮೂಲ ರಾಜ್ಯದಲ್ಲಿ ಉಳಿದ ಅವಧಿಯ ತೆರಿಗೆಯನ್ನು ಮರಳಿ ಪಡೆಯುವ ದಾರಿಯನ್ನೂ ವಿಚಾರಿಸಿರಿ.

ಒಡೆತನದ ವರ್ಗಾವಣೆಯನ್ನು ನಾಳೆ ನೋಡೋಣ ಎನ್ನಬಾರದು. ನೋಂದಣಿ ಪುಸ್ತಕದಲ್ಲಿ ಹೆಸರಿರುವವನೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟು ೨೦೧೮ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಈ ಎಚ್ಚರ ಮಾರುವವನಿಗೂ ಬೇಕು. ಬ್ಯಾಂಕಿನ ಸಾಲ ತೀರಿದೆಯೆ, ದಂಡದ ಚೀಟಿಗಳು ಬಾಕಿ ಇವೆಯೆ ಎಂಬುದನ್ನೂ ನೋಡಿಕೊಳ್ಳಬೇಕು.

ಇಷ್ಟೊಂದು ಅಗ್ಗವೇಕೆ ಎಂಬ ಪ್ರಶ್ನೆಯನ್ನು ಎಂದೂ ಮರೆಯಬೇಡಿ. ಕೆಲವೊಮ್ಮೆ ಕಾರಣ ಸರಳವಾಗಿರುತ್ತದೆ. ದಿಲ್ಲಿಯ ಸುತ್ತ ಹತ್ತು ವರ್ಷ ಮೀರಿದ ಡೀಸೆಲು ಕಾರುಗಳು ಓಡಬಾರದೆಂದು ೨೦೧೮ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ, ಅಲ್ಲಿಯ ಒಳ್ಳೆಯ ಕಾರುಗಳೂ ಅಗ್ಗವಾಗಿ ಬೇರೆ ರಾಜ್ಯಗಳ ಪೇಟೆ ಸೇರಿದವು. ೨೦೨೫ರಲ್ಲಿ ಆ ಬಿಗಿ ಸ್ವಲ್ಪ ಸಡಿಲಗೊಂಡಿತು. ಕೆಲವೊಮ್ಮೆ ಕಾರಣ ಕೆಸರಿನೊಳಗಿರುತ್ತದೆ. ೨೦೨೦ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ, ೨೦೨೨ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ನೆರೆ ನುಗ್ಗಿ ಎಷ್ಟೋ ಕಾರುಗಳು ಮುಳುಗಿದವು. ನೀರು ಕುಡಿದ ವಿದ್ಯುತ್ ತಂತಿಗಳು ತಿಂಗಳುಗಳ ನಂತರ ತುಕ್ಕು ಹಿಡಿದು ಕೈಕೊಡುತ್ತವೆ. ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಹೆಚ್ಚುವರಿ ಚಕ್ರದ ಕುಳಿಯಲ್ಲಿ ಕೈಯಾಡಿಸಿ. ಒಣಗಿದ ಮಣ್ಣು ಅಲ್ಲಿ ಅಡಗಿರುತ್ತದೆ.

ಮೀಟರು ತೋರಿಸುವ ಕಿಲೋಮೀಟರನ್ನು ಸರ್ವೀಸಿನ ದಾಖಲೆಗಳೊಡನೆ ತಾಳೆ ಹಾಕಿರಿ. ನಲವತ್ತು ಸಾವಿರವೇ ಓಡಿದೆ ಎನ್ನುವ ಕಾರಿನ ಪೆಡಲು ನುಣ್ಣಗೆ ಸವೆದಿದ್ದರೆ ಪೆಡಲಿನ ಮಾತನ್ನು ನಂಬಿರಿ. ನೋಡಲು ಹೋದಾಗ ಎಂಜಿನ್ನು ತಣ್ಣಗಿರಬೇಕು. ಮೊದಲೇ ಬಿಸಿ ಮಾಡಿಟ್ಟ ಕಾರು ತನ್ನ ಕೆಮ್ಮನ್ನು ಮರೆಮಾಚುತ್ತದೆ. ಮಾರುವವನಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ಕನನ್ನು ಕರೆದೊಯ್ದು, ಕಾರನ್ನು ಮೇಲೆತ್ತಿಸಿ, ಯಂತ್ರದ ದೋಷಸಂಕೇತಗಳನ್ನು ಓದಿಸಿರಿ. ಅದಕ್ಕೆ ತೆರುವ ಕೂಲಿ ಅತ್ಯಂತ ಲಾಭದ ಖರ್ಚು.

ಇಷ್ಟೆಲ್ಲ ಹೇಳಿದ್ದು ಕೊಳ್ಳಲೇಬೇಡಿ ಎಂಬ ಅರ್ಥದಲ್ಲಿ ಅಲ್ಲ. ವೇಗದ ಯಂತ್ರವನ್ನು ಪ್ರೀತಿಸುವುದು ತಪ್ಪಲ್ಲ. ಚೆನ್ನಾಗಿ ಸಾಕಿದ ಕಾರನ್ನು ತಿಳಿದು ಕೊಂಡು ಸುಖವಾಗಿರುವವರೂ ಉಂಟು. ನೆನಪಿಡಬೇಕಾದ ಸೂತ್ರ ಒಂದೇ: ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಅದರ ಹೊಟ್ಟೆ ಇಳಿಯುವುದಿಲ್ಲ. ಒಂಬತ್ತು ಲಕ್ಷಕ್ಕೆ ಕೊಂಡರೂ ಬಿಡಿಭಾಗದ ಅಂಗಡಿಯಲ್ಲಿ ಅದು ಮೂವತ್ತೆರಡು ಲಕ್ಷದ ಕಾರೇ. ಆದ್ದರಿಂದ ಬೆಲೆ, ತೆರಿಗೆ, ವಿಮೆ ಎಲ್ಲವನ್ನೂ ಕೊಟ್ಟ ಮೇಲೆ, ಕಾರಿನ ಬೆಲೆಯ ನಾಲ್ಕರಲ್ಲೊಂದು ಪಾಲು ಹಣ ದುರಸ್ತಿಗೆಂದು ಬೇರೆಯಾಗಿ ಉಳಿಯುವುದಾದರೆ ಧೈರ್ಯವಾಗಿ ಮುಂದುವರಿಯಿರಿ. ಆ ಹಣವನ್ನು ಮಗಳ ಓದಿನಿಂದಲೋ ಮುಂಗಾರಿನ ಬೀಜ ಗೊಬ್ಬರದಿಂದಲೋ ಕಿತ್ತು ತರಬೇಕಾಗಿದ್ದರೆ, ಸಣ್ಣ ಹೊಸ ಕಾರೇ ನಿಮ್ಮ ಮನೆಗೆ ತಕ್ಕದ್ದು. ಅದೂ ಬೀದರನ್ನು ಮುಟ್ಟಿಸುತ್ತದೆ; ಹತ್ತು ನಿಮಿಷ ತಡವಾಗಬಹುದು, ಅಷ್ಟೆ.