ಗಾಳಿ ಸೋಕಿದ ಆಸ್ಪತ್ರೆ

ನಮ್ಮೂರು ಅರಸೀಕೆರೆ. ಅಮ್ಮನ ತವರು ಹಳೇಬೀಡಿನ ಪಕ್ಕದ ಒಂದು ಹಳ್ಳಿ. ಬೇಸಿಗೆ ರಜೆ ಬಂತೆಂದರೆ ನಾನು ಅಲ್ಲೇ ಠಿಕಾಣಿ. ಹೊಲದ ಬದುವಿನಲ್ಲಿ ಮೂಗು ಮುರಿದ ವಿಗ್ರಹ, ಕೊಟ್ಟಿಗೆ ಹತ್ತಿರ ಕೆತ್ತನೆ ಇರುವ ಕಲ್ಲು, ಇವೆಲ್ಲ ನನಗೆ ಚಿಕ್ಕಂದಿನಿಂದಲೂ ಪರಿಚಯ. ಒಂದು ಕಾಲದ ರಾಜಧಾನಿ ದೋರಸಮುದ್ರ ಹಾಳಾಗಿ ಹಳೇಬೀಡಾದ ಊರಲ್ಲವೇ ಅದು! ಅಜ್ಜಿಯದು ಒಂದೇ ಕಾನೂನು: ‘ಮಟಮಟ ಮಧ್ಯಾಹ್ನದಲ್ಲಿ ಪಾಳು ಗುಡಿ ಕಡೆ ಹೋಗ್ಬೇಡ ಕಣೋ, ಗಾಳಿ ಸೋಕುತ್ತೆ.’

ನಾನು ಹೋದೆ. ಜ್ವರವೂ ಬಂತು. ಅಜ್ಜಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮಾವ ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಡಾಕ್ಟರ ಹತ್ತಿರ ಇಂಜೆಕ್ಷನ್ ಕೊಡಿಸಿದರು. ಜ್ವರ ಬಿಟ್ಟಿತು. ಕ್ರೆಡಿಟ್ ಪೂರ್ತಿ ಮೆಣಸಿನಕಾಯಿಗೆ ಹೋಯಿತು.

ಇಷ್ಟೆಲ್ಲ ಯಾಕೆ ಹೇಳಿದೆ ಎಂದರೆ, ನಾನು ದೆವ್ವವನ್ನು ನಂಬುವವನೂ ಅಲ್ಲ, ನಂಬದವನೂ ಅಲ್ಲ. ಈಗ ಬೆಂಗಳೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಹಾಸ್ಟೆಲ್‌ನಲ್ಲಿ ಕರೆಂಟ್ ಹೋದಾಗ ಬಾತ್‌ರೂಮಿಗೆ ಒಬ್ಬನೇ ಹೋಗುವುದಿಲ್ಲ. ಅಷ್ಟೇ ನನ್ನ ವೈಜ್ಞಾನಿಕ ಮನೋಭಾವ.

ಕಳೆದ ಸೆಮಿಸ್ಟರ್ ಪರೀಕ್ಷೆ ಮುಗಿದ ರಾತ್ರಿ ಯಾರೋ ಒಂದು ರೀಲ್ ತೋರಿಸಿದರು. ಕೆಜಿಎಫ್‌ನ ಹಳೆಯ ಗಣಿ ಆಸ್ಪತ್ರೆ. ಒಡೆದ ಕಿಟಕಿ, ಉದ್ದದ ಕಾರಿಡಾರ್, ಹಿನ್ನೆಲೆಯಲ್ಲಿ ಯಾವುದೋ ಇಂಗ್ಲಿಷ್ ಹಾರರ್ ಸಿನಿಮಾದ ಸಂಗೀತ. ‘ಇಲ್ಲಿ ರಾತ್ರಿ ಹೊತ್ತು ಸತ್ತ ಕಾರ್ಮಿಕರು ಕೆಮ್ಮುವ ಸದ್ದು ಕೇಳಿಸುತ್ತದೆ’ ಎಂದು ಹೇಳುವ ಒಂದು ದಪ್ಪ ದನಿ. ನಾವು ಐದು ಜನ ಅಲ್ಲೇ ಪ್ಲ್ಯಾನ್ ಹಾಕಿದೆವು. ಶನಿವಾರ ರಾತ್ರಿ ಹೋಗಬೇಕು, ನಾವೂ ವಿಡಿಯೊ ಮಾಡಬೇಕು, ಕೆಮ್ಮು ರೆಕಾರ್ಡ್ ಆದರೆ ಲಕ್ಷಗಟ್ಟಲೆ ವ್ಯೂಸ್ ಗ್ಯಾರಂಟಿ. ನನ್ನ ರೂಮ್‌ಮೇಟ್ ಮಾತ್ರ ಸುಮ್ಮನೆ ಬಕೆಟ್‌ನಲ್ಲಿ ಬಟ್ಟೆ ನೆನೆಸುತ್ತಿದ್ದ. ಅವನ ಊರೇ ಕೆಜಿಎಫ್. ಕೊನೆಗೆ ಹೇಳಿದ: ‘ನಾನೇ ಕರ್ಕೊಂಡು ಹೋಗ್ತೀನಿ ಮಗಾ. ಆದ್ರೆ ಹಗಲು ಹೊತ್ತು. ಮತ್ತೆ ನಮ್ಮ ಮನೆಗೂ ಬರಬೇಕು.’

ಹಗಲು ಎಂದ ಕೂಡಲೇ ಮೂರು ಜನ ಕಳಚಿಕೊಂಡರು. ಉಳಿದವರು ನಾವಿಬ್ಬರೇ.

ಆ ವಾರ ಊರಿಗೆ ಹೋಗಿ ಬಂದಿದ್ದೆ. ಗೆಳೆಯನ ಮನೆಗೆ ಬರಿಗೈಯಲ್ಲಿ ಹೋಗಬಾರದು ಎಂದು ಅಮ್ಮ ಒಂದು ಚೀಲ ಉಂಡೆ ಕೊಬ್ಬರಿ ಕಟ್ಟಿ ಕೊಟ್ಟಿದ್ದರು. ಅರಸೀಕೆರೆಯವರು ಕೊಡುವುದಾದರೂ ಇನ್ನೇನು! ಕೊಬ್ಬರಿ ಚೀಲ, ಚಾರ್ಜ್ ತುಂಬಿದ ಪವರ್‌ಬ್ಯಾಂಕ್ ಹಿಡಿದು ಭಾನುವಾರ ಬೆಳಿಗ್ಗೆ ಮಾರಿಕುಪ್ಪಂ ರೈಲು ಹತ್ತಿದೆವು.

ಬಂಗಾರಪೇಟೆಯಿಂದ ಕೆಜಿಎಫ್ ಕಡೆಗೆ ಕವಲೊಡೆಯುವ ಈ ಹಳಿಯನ್ನು ಹಾಕಿದ್ದೇ ಚಿನ್ನಕ್ಕಾಗಿ. ಈಗ ಅದು ಸಾಗಿಸುವುದು ಜನರನ್ನು. ದಿನಾ ಬೆಳಗಾಗುವ ಮೊದಲೇ ಸಾವಿರಾರು ಮಂದಿ ಇದೇ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ವಾಪಸಾಗುತ್ತಾರೆ. ಗೆಳೆಯನ ಅಪ್ಪನೂ ಅವರಲ್ಲೊಬ್ಬರು. ‘ನಾನು ಚಿಕ್ಕವನಾಗಿದ್ದಾಗ ಅಪ್ಪನ್ನ ಎಚ್ಚರವಾಗಿ ನೋಡಿದ್ದು ಭಾನುವಾರ ಮಾತ್ರ’ ಎಂದ ಅವನು, ಕಿಟಕಿ ಆಚೆ ನೋಡುತ್ತಾ.

ದಾರಿಯುದ್ದಕ್ಕೂ ಅವನು ಹೇಳಿದ ಕಥೆಗಳಲ್ಲಿ ಅರ್ಧ ನನಗೆ ಗೊತ್ತೇ ಇರಲಿಲ್ಲ. ಸಿನಿಮಾ ನೋಡಿದ್ದೆ, ಅಷ್ಟೇ. ಬೆಂಗಳೂರಿನ ಲ್ಯಾವೆಲ್ ರಸ್ತೆ ಇದೆಯಲ್ಲ, ಆ ಮೈಕಲ್ ಲ್ಯಾವೆಲ್ ಎಂಬಾತನೇ 1875ರಲ್ಲಿ ಮೈಸೂರು ಸರ್ಕಾರದಿಂದ ಇಲ್ಲಿ ಗಣಿಗಾರಿಕೆಯ ಪರವಾನಗಿ ಪಡೆದವನು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ ತಂತಿ ಎಳೆದು ಗಣಿಗೆ ವಿದ್ಯುತ್ ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಅದಾದ ಮೂರು ವರ್ಷಕ್ಕೆ! ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿ.ಮೀ. 1965ರಲ್ಲಿ ವಿಜ್ಞಾನಿಗಳು ಅದೇ ಗಣಿಯ ಒಳಗೆ ಉಪಕರಣ ಇಟ್ಟು, ಕಾಸ್ಮಿಕ್ ಕಿರಣಗಳಿಂದ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ಹಿಡಿದರು. 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಅದರ ಜೊತೆಗೇ ಆಸ್ಪತ್ರೆಯೂ.

ಸ್ಟೇಷನ್‌ನಲ್ಲಿ ಇಳಿದಾಗ ಬಿಸಿಲು ಏರಿತ್ತು. ದೂರದಲ್ಲಿ ಬೂದುಬಣ್ಣದ ಚಪ್ಪಟೆ ಗುಡ್ಡಗಳು. ‘ಸೈನೈಡ್ ಗುಡ್ಡ’ ಎಂದ. ಕಲ್ಲನ್ನು ಹಿಟ್ಟು ಮಾಡಿ, ಸೈನೈಡ್ ದ್ರಾವಣದಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ನೂರು ವರ್ಷ ರಾಶಿ ಹಾಕಿದರೆ ಗುಡ್ಡವಾಗದೆ ಇನ್ನೇನಾದೀತು. ಗಾಳಿ ಬೀಸಿದಾಗ ಆ ಪುಡಿ ಏಳುತ್ತದೆ. ನನ್ನ ಕಪ್ಪು ಶರ್ಟಿನ ಮೇಲೂ ತೆಳುವಾಗಿ ಕೂತಿತು. ಒರೆಸಿಕೊಂಡೆ, ಮತ್ತೆ ಕೂತಿತು.

ಆಸ್ಪತ್ರೆ ನೋಡಿದಾಗ ನಿಜ ಹೇಳಬೇಕೆಂದರೆ ನಿರಾಸೆಯಾಯಿತು. ರೀಲ್‌ನಲ್ಲಿ ಕಂಡಂತೆ ಇರಲಿಲ್ಲ. ಹಗಲು ಬೆಳಕಿನಲ್ಲಿ ಅದು ಬರೀ ಹಳೆಯ ಕಟ್ಟಡ. ಕೆಂಪು ಹಂಚು, ದಪ್ಪ ಗೋಡೆ, ಗಾಳಿ ಆಡಲೆಂದು ಬಿಟ್ಟ ಎತ್ತರದ ಕಿಟಕಿ. ಸಿವಿಲ್‌ನವನ ಕಣ್ಣು ಮೊದಲು ಬಿರುಕು ನೋಡಿತು, ಆಮೇಲೆ ಗೋಡೆಯೊಳಗೆ ಬೇರು ಬಿಟ್ಟ ಆಲದ ಸಸಿ. ಕಟ್ಟಡ ಬೀಳಿಸಲು ದೆವ್ವ ಬೇಕಿಲ್ಲ, ಒಂದು ಆಲದ ಬೀಜ ಸಾಕು. ಅನುಮತಿ ಇಲ್ಲದ್ದರಿಂದ ಒಳಗೆ ಹೋಗಲಿಲ್ಲ, ಹೊರಗಿನಿಂದಲೇ ಒಂದು ಸುತ್ತು ಹಾಕಿದೆವು. ಎಲ್ಲೋ ಒಳಗೆ ಪಟಪಟ ಸದ್ದಾದಾಗ ಎದೆ ಧಸಕ್ಕೆಂದಿತು. ಪಾರಿವಾಳ. ಗೆಳೆಯ ನಕ್ಕ, ನಾನೂ ನಕ್ಕೆ, ನಕ್ಕಿದ್ದು ಸ್ವಲ್ಪ ಜಾಸ್ತಿಯೇ ಆಯಿತು.

ಈ ಕಟ್ಟಡದ ಬಗ್ಗೆ ರೀಲ್ ಹೇಳದ ಒಂದು ವಿಷಯವಿದೆ. 2021ರ ಮೇ ತಿಂಗಳು, ಕೋವಿಡ್ ಎರಡನೇ ಅಲೆ, ಎಲ್ಲೂ ಹಾಸಿಗೆ ಸಿಗದ ದಿನಗಳು. ಆಗ ಊರಿನವರು, ಸ್ವಯಂಸೇವಕರು ಸೇರಿ ಇಪ್ಪತ್ತು ವರ್ಷ ಬೀಗ ಬಿದ್ದಿದ್ದ ಇದೇ ಆಸ್ಪತ್ರೆಯ ಕಸ ಬಳಿದು, ತೊಳೆದು, ರೋಗಿಗಳಿಗೆ ಹಾಸಿಗೆ ಸಿದ್ಧ ಮಾಡಿದ್ದರು. ಪೊರಕೆ ಹಿಡಿದವರಿಗೆ ಯಾವ ದೆವ್ವವೂ ಅಡ್ಡ ಬಂದ ಹಾಗಿಲ್ಲ.

ಅಲ್ಲಿಂದ ಗೆಳೆಯನ ಮನೆಗೆ. ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಪುಟ್ಟ ಮನೆಗಳು, ಅಲ್ಲಿನವರು ‘ಲೈನ್’ ಎನ್ನುತ್ತಾರೆ. ಬಾಗಿಲಲ್ಲೇ ಅವನ ಅಜ್ಜಿ ಕೂತಿದ್ದರು. ಅವನು ‘ಪಾಟಿ’ ಎನ್ನುತ್ತಾನೆ, ನಾನೂ ಹಾಗೇ ಕರೆದೆ. ಅವರ ಮಾತು ತಮಿಳು, ನಡುನಡುವೆ ಕನ್ನಡ. ಅರ್ಥವಾಗದ್ದನ್ನು ಗೆಳೆಯ ಹೇಳುತ್ತಿದ್ದ.

ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರು. ಗೆಳೆಯ ತಡವರಿಸಿದ. ನಾನು ಜಾಣನಂತೆ, ‘ಆಸ್ಪತ್ರೆ ನೋಡೋಕೆ ಪಾಟಿ, ಅಲ್ಲಿ ದೆವ್ವ ಇದೆಯಂತಲ್ಲ, ರಾತ್ರಿ ಕೆಮ್ಮೋ ಸದ್ದು ಬರುತ್ತಂತೆ’ ಎಂದುಬಿಟ್ಟೆ.

ಪಾಟಿ ಸಿಟ್ಟಾಗಲಿಲ್ಲ. ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಹೇಳಿದರು: ‘ಕೆಮ್ಮು ಆಸ್ಪತ್ರೇಲಿ ಮಾತ್ರ ಯಾಕೆ ತಂಬಿ? ಈ ಲೈನ್ ಪೂರ್ತಿ ಕೇಳ್ತಿತ್ತು. ರಾತ್ರಿ ಎರಡು ಗಂಟೆಗೆ ಒಬ್ಬರು ಶುರು ಮಾಡಿದ್ರೆ, ಪಕ್ಕದ ಮನೆಯವರು, ಆಮೇಲೆ ಆಚೆ ಮನೆಯವರು. ಯಾರ ಕೆಮ್ಮು ಯಾರದು ಅಂತ ನಮಗೆಲ್ಲ ಗೊತ್ತಿತ್ತು. ಒಂದು ರಾತ್ರಿ ಒಂದು ಕೆಮ್ಮು ಕೇಳಿಸ್ಲಿಲ್ಲ ಅಂದ್ರೆ ಹೆದರ್ತಾ ಇದ್ವಿ.’

ಒಳಗೆ ಗೋಡೆಯ ಮೇಲೆ ತಾತನ ಫೋಟೊ ಇತ್ತು. ಭೂಮಿಯೊಳಗೆ ಬಂಡೆಗೆ ಡ್ರಿಲ್ ಹಾಕುವ ಕೆಲಸ ಅವರದು. ಗಣಿ ಮುಚ್ಚುವ ಕೆಲವು ವರ್ಷ ಮೊದಲು, ಅದೇ ಆಸ್ಪತ್ರೆಯಲ್ಲಿ, ಉಸಿರು ಸಾಲದೆ ಹೋದರು. ಮೂರು ವರ್ಷದಿಂದ ಒಂದೇ ರೂಮಿನಲ್ಲಿದ್ದೇವೆ. ಅವನು ಒಮ್ಮೆಯೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಹಾಸ್ಟೆಲ್‌ಗೆ ಬಂದ ಮೇಲೆ ಓದಿದೆ. ಕೆಜಿಎಫ್‌ನ ಚಿನ್ನ ಇರುವುದು ಸ್ಫಟಿಕ ಶಿಲೆಯಲ್ಲಿ, ನಮ್ಮ ಜಿಯಾಲಜಿ ಪುಸ್ತಕದ ಕ್ವಾರ್ಟ್ಜ್. ಗಡಸುತನದ ಮೋಸ್ ಅಳತೆಯಲ್ಲಿ ಅದಕ್ಕೆ ಏಳು. ಬೇಲೂರು, ಹಳೇಬೀಡಿನ ಶಿಲ್ಪಿಗಳು ಆರಿಸಿಕೊಂಡ ಬಳಪದ ಕಲ್ಲು ಅದರ ಮುಂದೆ ಬಲು ಮೆತ್ತಗೆ, ಅದಕ್ಕೇ ಶಿಲಾಬಾಲಿಕೆಯ ಬಳೆಯನ್ನೂ ಬಿಡಿಸಲು ಸಾಧ್ಯವಾಗಿದ್ದು. ಕ್ವಾರ್ಟ್ಜ್ ಅನ್ನು ಒಡೆದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿರುತ್ತವೆ. ಮೂಗಿನ ಕೂದಲು, ಗಂಟಲಿನ ಕಫ ಯಾವುದಕ್ಕೂ ಸಿಗದೆ ನೇರ ಶ್ವಾಸಕೋಶದ ತುದಿಯ ಗಾಳಿಚೀಲಗಳಿಗೆ ಇಳಿಯುತ್ತವೆ. ಅವನ್ನು ತಿಂದು ಹಾಕಲು ಬರುವ ರಕ್ಷಣಾ ಕೋಶಗಳೇ ಸಾಯುತ್ತವೆ. ಅಲ್ಲಿ ಗಾಯ, ಗಾಯದ ಮೇಲೆ ಗಟ್ಟಿ ಕಲೆ. ಸ್ಪಂಜಿನಂತೆ ಹಿಗ್ಗಬೇಕಾದ ಶ್ವಾಸಕೋಶ ಹಿಗ್ಗುವುದಿಲ್ಲ. ಹೆಸರು ಸಿಲಿಕೋಸಿಸ್. ಧೂಳಿನ ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಹುದು, ಕ್ಷಯ ಸುಲಭವಾಗಿ ಜೊತೆಯಾಗುತ್ತದೆ, ಪೂರ್ತಿ ವಾಸಿ ಮಾಡುವ ಔಷಧಿ ಇವತ್ತಿಗೂ ಇಲ್ಲ.

ನನಗೆ ಆಶ್ಚರ್ಯವಾಗಿದ್ದು ಬೇರೆ. ಇದು ಯಾರಿಗೂ ತಿಳಿಯದ ರಹಸ್ಯವಾಗಿರಲಿಲ್ಲ. ಮೈಸೂರು ಸಂಸ್ಥಾನ 1940ರಲ್ಲೇ ಸಿಲಿಕೋಸಿಸ್ ನಿಯಮಗಳನ್ನು ತಂದಿತ್ತು. ಅದೇ ದಶಕದಲ್ಲಿ ಕೋಲಾರದ ಗಣಿಗಳ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ವೈದ್ಯರು ಪರೀಕ್ಷಿಸಿ, ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಈ ರೋಗವಿದೆ ಎಂದು ಗುರುತಿಸಿದ್ದರು. 1947ರಲ್ಲಿ ಪ್ರಕಟವಾದ ಆ ವರದಿಯನ್ನು ಭಾರತದಲ್ಲಿ ಸಿಲಿಕೋಸಿಸ್ ಬಗೆಗಿನ ಮೊದಲ ವರದಿಗಳಲ್ಲಿ ಒಂದೆಂದು ಇಂದಿಗೂ ಉಲ್ಲೇಖಿಸುತ್ತಾರೆ. ‘ಸತ್ತ ಕಾರ್ಮಿಕರ ಕೆಮ್ಮು’ ಎಂದು ದಪ್ಪ ದನಿಯಲ್ಲಿ ಹೇಳಿದವನು ಐದು ನಿಮಿಷ ಹುಡುಕಿದ್ದರೆ ಆ ಕೆಮ್ಮಿನ ಹೆಸರು ಸಿಗುತ್ತಿತ್ತು. ಅವನನ್ನು ಬೈಯುವ ಹಕ್ಕು ನನಗಿಲ್ಲ ಬಿಡಿ, ಪವರ್‌ಬ್ಯಾಂಕ್ ಹಿಡಿದು ಹೊರಟವನು ನಾನೂ ಅಲ್ಲವೇ.

ಗಾಳಿ ಸೋಕುತ್ತೆ ಎನ್ನುವ ಅಜ್ಜಿಯ ಮಾತು ಅವತ್ತು ರಾತ್ರಿ ಬಹಳ ಹೊತ್ತು ತಲೆಯಲ್ಲಿತ್ತು. ಕೆಜಿಎಫ್‌ನವರಿಗೆ ನಿಜಕ್ಕೂ ಸೋಕಿದ್ದು ಗಾಳಿಯೇ. ಮುಂದೆ ನಾನು ಕೆಲಸ ಮಾಡಬೇಕಾದ ಸೈಟುಗಳಲ್ಲೂ ಗ್ರಾನೈಟ್ ಕತ್ತರಿಸುತ್ತಾರೆ, ಕಾಂಕ್ರೀಟ್ ಕೊರೆಯುತ್ತಾರೆ, ಕ್ರಷರ್‌ನಿಂದ ಜಲ್ಲಿ ತರಿಸುತ್ತಾರೆ. ಅದೇ ಸಿಲಿಕಾ. ನೀರು ಹಾಯಿಸುತ್ತಾ ಕೊರೆದರೆ ಧೂಳು ಬಹುಪಾಲು ಅಲ್ಲೇ ಕೂರುತ್ತದೆ, ಸರಿಯಾದ ಮಾಸ್ಕ್ ಇದ್ದರೆ ಇನ್ನಷ್ಟು ಒಳ್ಳೆಯದು. ಕಾಲೇಜು ಪಕ್ಕದಲ್ಲಿ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನಲ್ಲಿ ಟೈಲ್ಸ್ ಕತ್ತರಿಸುವ ಹುಡುಗ ಮುಖಕ್ಕೆ ಕಟ್ಟಿಕೊಂಡಿರುವುದು ಟವೆಲ್. ನಮ್ಮದೇ ವಯಸ್ಸು ಅವನಿಗೆ. ದಿನಾ ನೋಡುತ್ತಿದ್ದೆ, ಈಗ ನೋಡಿದರೆ ಅವನ ಟವೆಲ್ ಮಾತ್ರ ಕಾಣುತ್ತದೆ.

ಪಾಟಿಯ ಮನೆಯ ವಿಷಯ ಅರ್ಧಕ್ಕೇ ನಿಲ್ಲಿಸಿದೆ. ಊಟವಾದ ಮೇಲೆ ಅವರು ಇದ್ದಕ್ಕಿದ್ದಂತೆ ಕೇಳಿದರು: ‘ಹೆರಿಗೆ ವಾರ್ಡ್ ನೋಡಿದ್ರಾ? ಆ ಕಡೆ ಕಿಟಕಿ ಪಕ್ಕ ಒಂದು ಬೇವಿನ ಮರ ಇತ್ತು. ಇದೆಯಾ?’ ಅವರ ಮೂರು ಮಕ್ಕಳೂ ಹುಟ್ಟಿದ್ದು ಅದೇ ಆಸ್ಪತ್ರೆಯಲ್ಲಂತೆ. ಗೆಳೆಯನ ಅಪ್ಪನೂ ಸೇರಿ. ನರ್ಸಮ್ಮ ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದಾಗ ತಾತ ಶಿಫ್ಟ್ ಮುಗಿಸಿ ಮೈತುಂಬ ಧೂಳಿನಲ್ಲೇ ಓಡಿ ಬಂದಿದ್ದರಂತೆ, ಸ್ನಾನ ಮಾಡಿ ಬಾ ಎಂದು ನರ್ಸಮ್ಮ ಗದರಿಸಿ ವಾಪಸು ಕಳಿಸಿದ್ದರಂತೆ. ಹೇಳುತ್ತಾ ಪಾಟಿ ನಕ್ಕರು. ಅಲ್ಲಿ ಹುಟ್ಟಿದವರ ಲೆಕ್ಕ ಯಾವ ರೀಲ್‌ನಲ್ಲಿದೆ?

ಬೇವಿನ ಮರ ಇತ್ತೋ ಇಲ್ಲವೋ ನಮಗಿಬ್ಬರಿಗೂ ನೆನಪಾಗಲಿಲ್ಲ. ಮೊಬೈಲ್‌ನಲ್ಲಿದ್ದ ವಿಡಿಯೊಗಳನ್ನು ಒಂದೊಂದಾಗಿ ತೆಗೆದು ನೋಡಿದೆವು. ಒಡೆದ ಗಾಜು, ಬಿರುಕು, ಕತ್ತಲ ಬಾಗಿಲು. ಎಲ್ಲೂ ಒಂದು ಮರವನ್ನು ನಾವು ಹಿಡಿದೇ ಇರಲಿಲ್ಲ.

‘ಮುಂದಿನ ಸಲ ಬಂದಾಗ ನೋಡ್ಕೊಂಡು ಬಂದು ಹೇಳ್ತೀನಿ ಪಾಟಿ’ ಎಂದು ಚೀಲದಿಂದ ಕೊಬ್ಬರಿ ತೆಗೆದು ಅವರ ಕೈಗಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, ಬೆರಳಿನಿಂದ ಟಕಟಕ ತಟ್ಟಿ, ಬೊಚ್ಚು ಬಾಯಿ ಅಗಲಿಸಿ ತೋರಿಸಿದರು.

‘ಇದನ್ನ ನಾನು ಹೇಗೆ ತಿನ್ನಲಿ ತಂಬಿ? ಮುಂದಿನ ಸಲ ಎಳನೀರು ತಗೊಂಡು ಬಾ.’