ಬಂದೂಕಿನ ಗುರಿ ತಪ್ಪಿದಾಗ: ಮನೆಯಲ್ಲಿ ಏನು ನೋಡಬೇಕು, ಏನು ಮುಟ್ಟಬಾರದು

ಚುನಾವಣೆ ಬಂದಿತೆಂದರೆ ಬೆಳೆಗಾರರಾದ ನಮಗೆ ಒಂದು ಹೆಚ್ಚಿನ ಕೆಲಸ. ಬೆಳೆರಕ್ಷಣೆಗೆಂದು ಲೈಸೆನ್ಸ್ ಪಡೆದು ಇಟ್ಟುಕೊಂಡ ಬಂದೂಕನ್ನು ಪೊಲೀಸ್ ಠಾಣೆಯಲ್ಲಿಯೋ ಲೈಸೆನ್ಸ್ ಉಳ್ಳ ಬಂದೂಕಿನ ಅಂಗಡಿಯಲ್ಲಿಯೋ ಒಪ್ಪಿಸಿ ರಸೀದಿ ತರಬೇಕು. 2024ರಲ್ಲಿ ಮಾರ್ಚ್ 16ರಂದು ನೀತಿಸಂಹಿತೆ ಜಾರಿಗೆ ಬಂದಿತು, ಮತ ಎಣಿಕೆಯಾದದ್ದು ಜೂನ್ 4ರಂದು. ಎರಡೂವರೆ ತಿಂಗಳಿಗೂ ಮಿಕ್ಕಿ ಹತ್ತಾರು ಬಂದೂಕುಗಳು ಒಂದೇ ಮೂಲೆಗೆ ಒರಗಿ ನಿಂತಿರುತ್ತವೆ. ಮಳೆ ಹಿಡಿಯುವ ಹೊತ್ತಿಗೆ ಮನೆಗೆ ಬಂದದ್ದು ಹೋದಾಗಿನಂತೆಯೇ ಇದ್ದೀತೆಂದು ಹೇಳಲಾಗುವುದಿಲ್ಲ. ನಳಿಗೆಯಲ್ಲಿ ತುಕ್ಕು, ಮರದ ಮೇಲೆ ಗೀರು, ತುದಿಯ ಮಣಿ ಡೊಂಕು ಎಂಬ ದೂರುಗಳನ್ನು ಸಂಘದ ಕಟ್ಟೆಯ ಮೇಲೆ ಕೂತವರೆಲ್ಲ ಕೇಳಿದ್ದಾರೆ. ಆ ಕಾರಣಕ್ಕೇ ಈ ಲೇಖನ.

ನನ್ನ ತೋಟವಿರುವುದು ಕಲಘಟಗಿಯ ಕಡೆಗೆ. ಹಿರಿಯರ ಮನೆ ಕುಂದಗೋಳ ತಾಲೂಕಿನ ಗುಡಗೇರಿಯಲ್ಲಿ. ಗುಡಗೇರಿ ಎರೆಹೊಲದ ಊರು. ಅಲ್ಲಿ ಶೇಂಗಾ, ಹತ್ತಿ, ಮೆಣಸಿನಕಾಯಿಯ ಮಾತೇ ಹೊರತು ಅಡಿಕೆಯ ಮಾತಿಲ್ಲ. ಆದರೆ ಹಂದಿಯ ಕಾಟಕ್ಕೆ ಎರೆ, ಮಸಾರಿ, ಮಲೆನಾಡು ಎಂಬ ಭೇದವಿಲ್ಲ. ನಮ್ಮ ಕಾಕಾ ಅಲ್ಲಿ ಜೋಡು ನಳಿಗೆಯ 12 ಬೋರಿನ ಬಂದೂಕೊಂದನ್ನು ಬಹಳ ವರ್ಷಗಳಿಂದ ಇಟ್ಟುಕೊಂಡಿದ್ದಾರೆ. ಆ ಜೂನಿನಲ್ಲಿ ಅದು ಮನೆಗೆ ಬಂದ ಮೇಲೆ ಹೊಲದ ಬದುವಿನ ಮೇಲೆ ಒಡಕು ಗಡಿಗೆಯನ್ನಿಟ್ಟು ಎರಡು ಈಡು ಹೊಡೆದು ನೋಡಿದರಂತೆ. ಎರಡೂ ಗಡಿಗೆಯ ಎಡಕ್ಕೆ, ಒಂದು ಮಾರಿಗೂ ಆಚೆ ಹೋದವು. ನಾನು ಹೋದಾಗ ಸಿಟ್ಟಿನಲ್ಲಿದ್ದರು.

“ಮಣಿ ಡೊಂಕ ಮಾಡಿ ಕೊಟ್ಟಾರಪಾ. ನಾಳೆ ಕಂಬಾರನ ಕಡೆ ಒಯ್ದು ಒಂದೇಟು ಬಡಿಸಿದ್ರ ಸರಿ ಹೋಗ್ತದ.”

“ಕಾಕಾ, ಸ್ವಲ್ಪ ತಡೀರಿ. ಮೊದಲ ನೋಡೂಣು, ಆಮ್ಯಾಲೆ ಬಡಿಸೂಣು,” ಅಂದೆ.

ಆ ತಡೆದದ್ದರಿಂದ ಬಂದೂಕು ಉಳಿಯಿತು, ಕಂಬಾರನೂ ಉಳಿದ. ಹೇಗೆಂಬುದು ಮುಂದೆ ಬರುತ್ತದೆ.

ಮೊದಲು ಬಂದೂಕು ಖಾಲಿ ಇದೆಯೇ ಎಂದು ನೋಡಬೇಕು. ಇದನ್ನು ಎಲ್ಲರೂ ಬಲ್ಲೆವು ಎನ್ನುತ್ತೇವೆ, ಅಪಘಾತಗಳೂ ಬಲ್ಲವರ ಮನೆಯಲ್ಲೇ ಆಗುತ್ತವೆ. ತೋಟಾ ಬಂದೂಕಾದರೆ ಮುರಿದು ತೆರೆದು ಎರಡೂ ಮನೆಗಳನ್ನು ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಬೇಕು. ತೋಟಾ ಪೆಟ್ಟಿಗೆ ಬೇರೆ ಕೋಣೆಯಲ್ಲಿರಲಿ. ಮೂತಿಯಿಂದ ಮದ್ದು ತುಂಬುವ ಕೇಪಿನ ಬಂದೂಕನ್ನು ಹಾಗೆ ತೆರೆಯಲು ಬರುವುದಿಲ್ಲ. ಅದರ ಗಜವನ್ನು ನಳಿಗೆಯೊಳಗೆ ತಳದವರೆಗೆ ಇಳಿಬಿಟ್ಟು ಮೂತಿಯ ಮಟ್ಟಕ್ಕೆ ಗುರುತು ಹಾಕಿ, ಹೊರತೆಗೆದು ನಳಿಗೆಯ ಹೊರಮೈಗೆ ಹಿಡಿದು ನೋಡಬೇಕು. ಗಜವು ಕೇಪು ಕೂಡುವ ಜಾಗದವರೆಗೆ ಮುಟ್ಟದೆ ನಾಲ್ಕು ಬೆರಳು ಮೇಲೆಯೇ ನಿಂತರೆ ಒಳಗೆ ಹಳೆಯ ಈಡು ಕುಳಿತಿದೆಯೆಂದೇ ತಿಳಿಯಬೇಕು. ಅದನ್ನು ಕೆದಕಲು ಹೋಗಬಾರದು, ಬಲ್ಲವರ ಅಂಗಡಿಗೇ ಒಯ್ಯಬೇಕು. ಒಯ್ಯುವ ಮೊದಲು ಈಡು ಇರುವ ಸಂಗತಿಯನ್ನು ಅವರಿಗೆ ತಿಳಿಸಬೇಕು.

ಖಾಲಿ ಇರುವುದು ಖಚಿತವಾದ ಮೇಲೆ ಜೋಡು ನಳಿಗೆಯನ್ನು ಮರದಿಂದ ಬಿಡಿಸಿ ಹಿಂಬದಿಯಿಂದ ಬೆಳಕಿಗೆ ಹಿಡಿಯಿರಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಬಂದೂಕಿನ ನಳಿಗೆಯಷ್ಟು ಒಳ್ಳೆಯ ಮನೆ ಇನ್ನೊಂದಿಲ್ಲ. ಅಂಥ ಒಂದು ಗೂಡು ಅಥವಾ ಮರೆತ ಬಟ್ಟೆಯ ಚೂರು ಒಳಗಿರುವಾಗ ಈಡು ಹೊಡೆದರೆ ನಳಿಗೆ ಸೀಳುತ್ತದೆ. ಗುರಿಯ ಮಾತು ಅಲ್ಲಿಗೆ ಮುಗಿಯಿತು, ಎಡಗೈಯ ಮಾತು ಶುರುವಾಗುತ್ತದೆ. ನಳಿಗೆ ಸ್ವಚ್ಛವಾಗಿದ್ದರೆ ಒಳಗೆ ಬೆಳಕಿನ ಬಳೆಗಳು ಒಂದರೊಳಗೊಂದು ಸರಿಯಾಗಿ ಕೂತಂತೆ ಕಾಣುತ್ತವೆ. ಬಳೆಗಳು ಒಂದು ಕಡೆಗೆ ವಾಲಿದ್ದರೆ ನಳಿಗೆಗೆ ಭಾರ ಬಿದ್ದು ಬಾಗಿರಬಹುದು, ತಗ್ಗಾಗಿರಲೂಬಹುದು.

ಆಮೇಲೆ ಜೋಡು ನಳಿಗೆಯನ್ನು ಕೆಳಗಿನ ಕೊಕ್ಕೆಯಿಂದ ಒಂದು ಬೆರಳಿಗೆ ತೂಗುಬಿಟ್ಟು ಮರದ ಕಡ್ಡಿಯಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ನಾದ ಬಂದರೆ ಬೆಸುಗೆ ಗಟ್ಟಿ ಇದೆ. ಜರಜರ ಎಂದರೆ ಎರಡು ನಳಿಗೆಗಳ ನಡುವಿನ ಪಟ್ಟಿಯ ಬೆಸುಗೆ ಎಲ್ಲಿಯೋ ಬಿಟ್ಟಿದೆ. ಎರಡೂ ನಳಿಗೆಗಳ ಈಡು ಸುಮಾರು 40 ಗಜದ ದೂರದಲ್ಲಿ ಒಂದೇ ಕಡೆ ಬೀಳುವಂತೆ ಕಾರ್ಖಾನೆಯಲ್ಲಿ ಹೊಂದಿಸಿ ಬೆಸೆದಿರುತ್ತಾರೆ. ಆ ಬೆಸುಗೆ ಬಿಟ್ಟ ಬಂದೂಕಿನ ಮಣಿಯನ್ನು ಎಷ್ಟು ತಿದ್ದಿದರೂ ಫಲವಿಲ್ಲ.

ಮೂರನೆಯದು ಮರ. ನಮ್ಮ ಕಡೆ ಮಳೆಗಾಲದಲ್ಲಿ ಬಾಗಿಲು ಉಬ್ಬಿ ಹಾಕಲು ಬಾರದಂತಾಗುತ್ತದಲ್ಲ, ಬಂದೂಕಿನ ಮರವೂ ಹಾಗೆಯೇ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಕುಗ್ಗಿದಾಗ ತಿರುಪು ಸಡಿಲಾಗಿ ಕಬ್ಬಿಣವೂ ಮರವೂ ಕೂಡುವಲ್ಲಿ ಕೂದಲೆಳೆಯಷ್ಟು ಆಟ ಬರುತ್ತದೆ. ಅಂಥ ಬಂದೂಕಿನ ಈಡು ಒಮ್ಮೆ ಎಡಕ್ಕೆ ಹೋದರೆ ಇನ್ನೊಮ್ಮೆ ಮೇಲಕ್ಕೆ ಹೋಗುತ್ತದೆ. ಒಂದೇ ಕಡೆಗೆ ತಪ್ಪುವ ಗುರಿ ಬೇರೆ, ದಿಕ್ಕುಗೆಟ್ಟು ತಪ್ಪುವ ಗುರಿ ಬೇರೆ. ದಿಕ್ಕುಗೆಟ್ಟು ತಪ್ಪುತ್ತಿದ್ದರೆ ಮೊದಲು ಸಡಿಲಾದದ್ದು ಯಾವುದೆಂದು ಹುಡುಕಬೇಕು.

ಕಾಕಾನ ಬಂದೂಕಿನಲ್ಲಿ ಇಷ್ಟೂ ನೋಡಿದೆವು. ನಳಿಗೆ ಚೊಕ್ಕ, ಬೆಸುಗೆ ಗಟ್ಟಿ, ತಿರುಪು ಬಿಗಿ. ತುದಿಯ ಹಿತ್ತಾಳೆ ಮಣಿಗೆ ಗೀರು ಬಿದ್ದಿತ್ತು ನಿಜ, ಆದರೆ ದಾರ ಹಿಡಿದು ನೋಡಿದರೆ ಪಟ್ಟಿಯ ನಟ್ಟನಡುವೆಯೇ ಇತ್ತು. ಹಾಗಾದರೆ ಒಂದು ಮಾರು ಎಡಕ್ಕೆ ಹೋದದ್ದೇಕೆ?

ಇಲ್ಲಿ ಸ್ವಲ್ಪ ಲೆಕ್ಕ ಹೇಳಲೇಬೇಕು. ರೈಫಲ್ಲಿಗೂ ಪಿಸ್ತೂಲಿಗೂ ಮುಂದೊಂದು ಗುರಿ, ಹಿಂದೊಂದು ಗುರಿ ಇರುತ್ತದೆ. ಚರೆ ಹೊಡೆಯುವ ನಮ್ಮ ಬಂದೂಕಿಗೆ ಇರುವುದು ಮುಂದಿನ ಮಣಿ ಒಂದೇ. ಹಿಂದಿನ ಗುರಿ ಯಾವುದು? ಹೊಡೆಯುವವನ ಕಣ್ಣು. ಕೆನ್ನೆ ಮರಕ್ಕೆ ಒತ್ತಿ ಕೂತಾಗ ಕಣ್ಣಿನಿಂದ ಮಣಿಗೆ ಸುಮಾರು 90 ಸೆಂಟಿಮೀಟರ್. ಹದಿನೆಂಟು ಮೀಟರ್ ದೂರದ ಗುರಿ ಅದರ ಇಪ್ಪತ್ತು ಪಟ್ಟು. ಕಣ್ಣು 3 ಮಿಲಿಮೀಟರ್ ಸರಿದರೆ ಈಡು 6 ಸೆಂಟಿಮೀಟರ್ ಸರಿಯುತ್ತದೆ. ಕೆನ್ನೆ ಎತ್ತಿ ಹೊಡೆದರೆ ಮೇಲಕ್ಕೆ, ತಲೆ ವಾಲಿಸಿದರೆ ಪಕ್ಕಕ್ಕೆ. ಇನ್ನು ಬಲಭುಜಕ್ಕೆ ಬಂದೂಕು ಹಿಡಿದವನು ಬಲಗಣ್ಣಿನ ಬದಲು ಎಡಗಣ್ಣಿನಿಂದ ಮಣಿ ನೋಡಿದನೆಂದು ಇಟ್ಟುಕೊಳ್ಳಿ. ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರ. ಇಪ್ಪತ್ತು ಪಟ್ಟು ಮಾಡಿದರೆ ಈಡು 1 ಮೀಟರ್ 20 ಸೆಂಟಿಮೀಟರ್ ಎಡಕ್ಕೆ ಹೋಗುತ್ತದೆ.

ಇದನ್ನು ಪರೀಕ್ಷಿಸಲು ಬಂದೂಕು ಬೇಕಿಲ್ಲ. ಎರಡೂ ಕಣ್ಣು ತೆರೆದು, ಕೈ ನೀಡಿ, ಹೆಬ್ಬೆರಳನ್ನು ದೂರದ ಒಂದು ಕಂಬಕ್ಕೆ ಹೊಂದಿಸಿ. ಹಾಗೇ ಎಡಗಣ್ಣು ಮುಚ್ಚಿ. ಬೆರಳು ಕಂಬದ ಮೇಲೆಯೇ ನಿಂತರೆ ನಿಮ್ಮ ಬಲಗಣ್ಣು ಯಜಮಾನ. ಬೆರಳು ಪಕ್ಕಕ್ಕೆ ಹಾರಿದರೆ ಯಜಮಾನಿಕೆ ಎಡಗಣ್ಣಿನದು. ಕಾಕಾನ ಬೆರಳು ಹಾರಿತು. ಮೊದಲೆಲ್ಲ ಹಾಗಿರಲಿಲ್ಲ ಎಂದು ಅವರೇ ಹೇಳಿದರು. ಬಲಗಣ್ಣಿನಿಂದ ಕ್ಯಾಲೆಂಡರಿನ ಅಂಕಿ ಓದಿರೆಂದರೆ, “ಮಬ್ಬ ಕಾಣ್ತಾವು,” ಎಂದು ಸುಮ್ಮನಾದರು. ಪೊರೆ ಬಂದಿತ್ತು. ಬಲಗಣ್ಣು ಮಬ್ಬಾದದ್ದರಿಂದ ಅವರಿಗೇ ತಿಳಿಯದಂತೆ ಎಡಗಣ್ಣು ಆ ಕೆಲಸ ವಹಿಸಿಕೊಂಡಿತ್ತು. ಮೂರು ತಿಂಗಳು ಬಂದೂಕು ಕೈಯಲ್ಲಿರಲಿಲ್ಲವಾದ್ದರಿಂದ ಕಣ್ಣಿನ ತಪ್ಪು ಬಂದೂಕಿನ ಮೇಲೆ ಬಂದಿತು. ಆ ಮಣಿಯನ್ನು ಕಂಬಾರ ಬಡಿದಿದ್ದರೆ ಒಳ್ಳೆಯ ಬಂದೂಕೊಂದು ಕೆಟ್ಟುಹೋಗುತ್ತಿತ್ತು. ಒಂದು ಮೀಟರ್ ಎಡಕ್ಕೆ ಎಂದರೆ ಗಡಿಗೆ ತಪ್ಪಿತು ಎಂದಷ್ಟೇ ಅಲ್ಲ. ಎಲ್.ಜಿ. ಚರೆ ಅರ್ಧ ಕಿಲೋಮೀಟರಿಗೂ ಆಚೆ ಹೋಗಿ ಬೀಳಬಲ್ಲದು. ಬದುವಿನ ಆಚೆ ಕಳೆ ತೆಗೆಯುವ ಹೆಣ್ಣುಮಕ್ಕಳಿರುತ್ತಾರೆ; ತೋಟವಾದರೆ ಕೆಲಸದವರ ಲೈನ್ ಮನೆಗಳಿರುತ್ತವೆ. ಬದುವಿನ ಮೇಲೆ ಗಡಿಗೆ ಇಟ್ಟು ಪರೀಕ್ಷೆ ಮಾಡಿದ್ದೇ ತಪ್ಪೆಂದು ಕಾಕಾನಿಗೆ ಹೇಳಿದೆ. ಒಪ್ಪಿದರೆಂದು ಭಾವಿಸಿದ್ದೇನೆ.

ಇನ್ನು ಕಂಬಾರನ ಸಂಗತಿ. 1959ರ ಶಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕಿನ ದುರಸ್ತಿಗೂ ಪರೀಕ್ಷೆಗೂ ಅದಕ್ಕೆಂದೇ ಲೈಸೆನ್ಸ್ ಬೇಕು. ನಮ್ಮ ಕೈಯಲ್ಲಿರುವುದು ಇಟ್ಟುಕೊಳ್ಳುವ ಲೈಸೆನ್ಸ್, ದುರಸ್ತಿ ಮಾಡುವುದಲ್ಲ. 2019ರ ತಿದ್ದುಪಡಿಯ ನಂತರ 5ನೇ ಕಲಮು ಮೀರಿದವನಿಗೆ 25ನೇ ಕಲಮಿನಂತೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇದೆ. ಕುಡ, ಕುರ್ಚಗಿ ಹದ ಮಾಡಿ ಬದುಕುವ ಮನುಷ್ಯನಿಗೆ ಸ್ನೇಹದ ಹೆಸರಿನಲ್ಲಿ ಈ ಗಂಡಾಂತರ ತರುವುದು ಯಾವ ನ್ಯಾಯ? ಒರೆಸುವುದು, ಎಣ್ಣೆ ಹಚ್ಚುವುದು, ಖಾಲಿ ಬಂದೂಕನ್ನು ಕಣ್ಣಿಟ್ಟು ನೋಡುವುದು ಮನೆಯ ಕೆಲಸ. ಅರ, ಸುತ್ತಿಗೆ, ಬೆಸುಗೆ ಬೇಕಾದ ಕೆಲಸವೆಲ್ಲ ಲೈಸೆನ್ಸ್ ಉಳ್ಳ ಅಂಗಡಿಯದು.

ನಮ್ಮ ಸದಸ್ಯರಲ್ಲಿ ಕೆಲವರ ಬಳಿ ಆತ್ಮರಕ್ಷಣೆಗೆಂದು ರಿವಾಲ್ವರ್ ಇದೆ. ಕೊಡಗಿನ ಬೆಳೆಗಾರರಿಗೆ ಇಲ್ಲೊಂದು ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿದು 2029ರವರೆಗೆ ಇದೆ; 2021ರಲ್ಲಿ ನಮ್ಮ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಆದರೆ ಅದು ಉದ್ದ ನಳಿಗೆಯ ಕೋವಿಗೆ ಸಂಬಂಧಿಸಿದ್ದು. ಪಿಸ್ತೂಲು ರಿವಾಲ್ವರುಗಳಿಗೆ ಅವರೂ ಲೈಸೆನ್ಸ್ ಪಡೆಯಬೇಕು.

ಕಾನ್ಪುರದ ಸರಕಾರಿ ಕಾರ್ಖಾನೆಯ .32ರ ರಿವಾಲ್ವರಿನಲ್ಲಿ ಮುಂದೆ ಒಂದು ಅಲಗು, ಹಿಂದೆ ಒಂದು ಸೀಳು, ಎರಡೂ ಕದಲದಂಥವು. ಇಂಥ ಸಣ್ಣ ಆಯುಧದಲ್ಲಿ ಅಲಗಿಗೂ ಸೀಳಿಗೂ ನಡುವೆ 13 ಸೆಂಟಿಮೀಟರ್ ಅಂತರವಿದ್ದರೆ, ಒಂದು ಮಿಲಿಮೀಟರ್ ವ್ಯತ್ಯಾಸವು 10 ಮೀಟರಿನಲ್ಲಿ ಏಳೂವರೆ ಸೆಂಟಿಮೀಟರಿಗೂ ಹೆಚ್ಚಾಗುತ್ತದೆ. ಅರದ ಎರಡು ಎಳೆತ ಎಷ್ಟು ದೊಡ್ಡದೆಂದು ಇದರಿಂದ ಊಹಿಸಬಹುದು. ನೆನಪಿಡುವ ಸೂತ್ರ ಇಷ್ಟೇ: ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಗುರಿಯನ್ನು ಆ ಕಡೆಗೇ, ಮುಂದಿನ ಗುರಿಯನ್ನು ಅದಕ್ಕೆ ವಿರುದ್ಧ ಕಡೆಗೆ ಸರಿಸಬೇಕು. ಗುಂಡು ತಗ್ಗಿ ಬೀಳುತ್ತಿದ್ದರೆ ಮುಂದಿನ ಅಲಗನ್ನು ತಗ್ಗಿಸಬೇಕು. ತಗ್ಗಿಸಿದ ಅಲಗು ಮತ್ತೆ ಬೆಳೆಯುವುದಿಲ್ಲವಾದ್ದರಿಂದ ತಿಳಿದ ಕೆಲಸಗಾರ ಸ್ವಲ್ಪ ಸ್ವಲ್ಪವೇ ಅರ ಹಾಕುತ್ತಾನೆ. ಗುರಿಗೆ ತಿರುಪು ಇಟ್ಟ ಸ್ಪರ್ಧೆಯ ಪಿಸ್ತೂಲುಗಳ ಮಾತು ಬೇರೆ. ಆ ತಿರುಪು ಇರುವುದೇ ಹೊಡೆಯುವವನು ತಿರುವಲೆಂದು.

ಆದರೆ ಇಲ್ಲಿಯೂ ಮೊದಲ ಅನುಮಾನ ಕೈಯ ಮೇಲೆಯೇ ಇರಲಿ. ಬಲಗೈಯವನ ಗುಂಡು ಪದೇ ಪದೇ ಎಡಕ್ಕೂ ಕೆಳಕ್ಕೂ ಬೀಳುತ್ತಿದ್ದರೆ, ಬಹುಪಾಲು ಅವನು ಟ್ರಿಗರನ್ನು ಹಿಂಡದೆ ಜಗ್ಗುತ್ತಿದ್ದಾನೆ ಎಂದರ್ಥ. ಬಳಸುವ ಗುಂಡಿನ ತೂಕ ಬದಲಾದರೂ ಬೀಳುವ ಎತ್ತರ ಬದಲಾಗುತ್ತದೆ. ಅದೇ ಆಯುಧವನ್ನು ಅದೇ ಗುಂಡಿನಿಂದ ಇನ್ನೊಬ್ಬ ಬಲ್ಲವರು ಹೊಡೆದು ನೋಡಿದಾಗಲೂ ಅಲ್ಲಿಯೇ ಬಿದ್ದರೆ ಮಾತ್ರ ಗುರಿಯ ದೋಷ. ಇದನ್ನು ನೋಡುವ ಜಾಗ ತೋಟವಲ್ಲ, ರೈಫಲ್ ಸಂಸ್ಥೆಯ ಗುರಿ ಮೈದಾನ. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಯ ಸಮಯದಲ್ಲಿಯೂ ವಿಚಾರಿಸಬಹುದು.

ಗುರಿ ಸರಿಹೋದ ಮೇಲೂ ಹಂದಿಗೆ ಹೊಡೆಯುವ ಹಕ್ಕು ತಾನಾಗಿ ಬರುವುದಿಲ್ಲ. ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಲು 1972ರ ವನ್ಯಜೀವಿ ಕಾಯ್ದೆಯ 11ನೇ ಕಲಮಿನಂತೆ ಅಧಿಕಾರವುಳ್ಳ ಅಧಿಕಾರಿಯ ಲಿಖಿತ ಆದೇಶ ಬೇಕು. ಗುಡಗೇರಿ ಕಡೆಯ ಹೊಲಕ್ಕೆ ಬರುವ ಚಿಗರಿಯಂತೂ ಮೊದಲನೆಯ ಅನುಸೂಚಿಯ ಪ್ರಾಣಿ.

ಅಂಗಡಿಗೆ ಒಯ್ಯುವಾಗ ಮೂಲ ಲೈಸೆನ್ಸ್ ಜೊತೆಗಿರಲಿ, ಬಂದೂಕು ಬಿಚ್ಚಿ ಚೀಲದಲ್ಲಿರಲಿ. ಗುರಿಯ ಕಾಗದವನ್ನೂ ಒಯ್ಯಿರಿ: ಎಷ್ಟು ದೂರ, ಯಾವ ತೋಟಾ, ಯಾವ ನಳಿಗೆ, ಯಾರು ಹೊಡೆದದ್ದು ಎಂದು ಅದರ ಮೇಲೆಯೇ ಬರೆದಿರಲಿ. ‘ಎಡಕ್ಕೆ ಹೋಗುತ್ತದೆ’ ಎಂಬ ಮಾತಿಗಿಂತ ಅದು ಹತ್ತು ಪಾಲು ಉಪಯೋಗಕ್ಕೆ ಬರುತ್ತದೆ.

ಕಾಕಾ ದೀಪಾವಳಿಯ ಹೊತ್ತಿಗೆ ಕಣ್ಣಿನ ಆಪರೇಷನ್ ಮಾಡಿಸಿಕೊಂಡರು. ಬಂದೂಕಿನ ಮಣಿ ಇದ್ದಲ್ಲಿಯೇ ಇದೆ. ಮುಂದಿನ ಚುನಾವಣೆಗೆ ಒಪ್ಪಿಸುವಾಗ ಮಣಿಗೆ ಪೆಟ್ಟು ತಾಗದಂತೆ ಮೂತಿಗೆ ಒಂದು ಗೇಣು ಪ್ಲಾಸ್ಟಿಕ್ ಪೈಪು ತೊಡಿಸಿ ಕೊಡುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ರಸೀದಿಯಲ್ಲಿ ‘ಮಣಿ ಸುಸ್ಥಿತಿಯಲ್ಲಿದೆ’ ಎಂದು ಬರೆಸಿಕೊಳ್ಳುವುದೂ ಸೇರಿದೆ. ಪೈಪಿಗೆ ಕೆಂಪು ದಾರ ಕಟ್ಟಬೇಕು. ಮನೆಗೆ ತಂದ ಮೇಲೆ ಅದನ್ನು ತೆಗೆಯದೆ ತೋಟಾ ತುಂಬಬಾರದು.